ಮೊದಲ ಸೆಮಿ ಆಟೋಮ್ಯಾಟಿಕ್ ರೈಫಲ್: 500 ಡಾಲರ್ ಒಳಗೆ ಯಾವುದು ತಗೊಳ್ಳಲಿ?

ಪ್ರಶ್ನೆ: ರೌಂಡ್ ರಾಕ್, ಟೆಕ್ಸಾಸ್

ಎಲ್ಲರಿಗೂ ನಮಸ್ಕಾರ. ಗ್ರೀನ್ ಕಾರ್ಡ್ ಬಂದ ಮೇಲೆ ಆಫೀಸಿನ ಗೆಳೆಯರ ಜೊತೆ ಶೂಟಿಂಗ್ ರೇಂಜಿಗೆ ಹೋಗೋಕೆ ಶುರು ಮಾಡಿದೆ. ಈಗ ಅದರ ಹುಚ್ಚು ಹಿಡಿದಿದೆ. ನನ್ನದೇ ಒಂದು ಸೆಮಿ ಆಟೋಮ್ಯಾಟಿಕ್ ರೈಫಲ್ ಬೇಕು, ಅಂದರೆ ಒಂದು ಸಲ ಟ್ರಿಗರ್ ಒತ್ತಿದರೆ ಒಂದು ಗುಂಡು ಹಾರಿ ಮುಂದಿನದು ತಾನಾಗಿ ತುಂಬಿಕೊಳ್ಳುವಂಥದ್ದು. ಬೇಟೆ ಗೀಟೆ ಏನೂ ಇಲ್ಲ, ಮನೆ ಕಾವಲಿಗೂ ಅಲ್ಲ. ಶನಿವಾರ ಹೋಗಿ ಕಾಗದದ ಗುರಿಗೋ ಖಾಲಿ ಡಬ್ಬಿಗೋ ಹೊಡೆದು ಬರೋದು, ಅಷ್ಟೇ. ಎಲ್ಲಾ ಸೇರಿ 500 ಡಾಲರ್ ಒಳಗೆ ಮುಗಿಯಬೇಕು. ಪದೇ ಪದೇ ಜಾಮ್ ಆಗಬಾರದು. ಗೆಳೆಯರೆಲ್ಲ ಮಿಲಿಟರಿ ರೈಫಲ್ ಆಕಾರದ ಎಆರ್-15 ತಗೋ ಅಂತಿದ್ದಾರೆ. ಹೆಂಡತಿಗೆ ಅರ್ಧ ಮನಸ್ಸು. ಮಗನಿಗೆ 11 ವರ್ಷ, ಅವನಿಗೂ ಮುಂದೆ ಕಲಿಸುವ ಆಸೆ ಇದೆ. ಬಳಸಿದವರು ದಯವಿಟ್ಟು ಹೇಳಿ.

ಉತ್ತರ: ಫ್ರಿಸ್ಕೊ, ಟೆಕ್ಸಾಸ್

ರೂಗರ್ 10/22 ತಗೊಳ್ಳಿ, ಉಳಿದ ದುಡ್ಡಿಗೆ ಗುಂಡು ತಗೊಳ್ಳಿ. ನನ್ನ ಉತ್ತರ ಇಷ್ಟೇ. ಯಾಕೆ ಅಂತ ಮಾತ್ರ ಸ್ವಲ್ಪ ಉದ್ದಕ್ಕೆ ಹೇಳ್ತೀನಿ.

ಅಂಗಡಿಯಲ್ಲಿ ಎಲ್ಲರೂ ರೈಫಲ್‌ನ ಬೆಲೆ ನೋಡ್ತಾರೆ. ನೋಡಬೇಕಾದ್ದು ಗುಂಡಿನ ಬೆಲೆ. 10/22ಗೆ ಹಾಕುವ ಪುಟ್ಟ .22 ಎಲ್‌ಆರ್ ಗುಂಡು ದೊಡ್ಡ ಡಬ್ಬಿಯಲ್ಲಿ ತಗೊಂಡರೆ ಒಂದಕ್ಕೆ 7ರಿಂದ 10 ಸೆಂಟ್. ಎಆರ್-15ಕ್ಕೆ ಹಾಕುವ 5.56 ಅಥವಾ .223 ಒಂದಕ್ಕೆ 40ರಿಂದ 60 ಸೆಂಟ್. ಒಂದು ಬೆಳಿಗ್ಗೆ 200 ಗುಂಡು ಹೊಡೆಯೋದು ಏನೂ ಜಾಸ್ತಿ ಅಲ್ಲ. .22 ಆದರೆ 20 ಡಾಲರ್ ಒಳಗೆ ಮುಗಿಯುತ್ತದೆ, ಎಆರ್ ಆದರೆ ನೂರರ ನೋಟು. ರೇಂಜಿನ ಫೀಸು ಬೇರೆ. ಎಆರ್ ತಗೊಂಡ ಎಷ್ಟೋ ಜನ ಮೂರು ತಿಂಗಳಾದ ಮೇಲೆ ರೇಂಜಿನ ಕಡೆ ತಲೆ ಹಾಕೋದಿಲ್ಲ. ಆಸಕ್ತಿ ಹೋಗಿರೋದಿಲ್ಲ, ಕ್ರೆಡಿಟ್ ಕಾರ್ಡ್ ಬಿಲ್ ಬಂದಿರುತ್ತದೆ.

10/22 ಮಾರುಕಟ್ಟೆಗೆ ಬಂದದ್ದು 1964ರಲ್ಲಿ. ಅವತ್ತಿನಿಂದ ಇವತ್ತಿನವರೆಗೂ ಒಳಗಿನ ವಿನ್ಯಾಸ ಹೆಚ್ಚುಕಡಿಮೆ ಅದೇ. ಹಾಗಾಗಿ ಯಾವ ಬಿಡಿಭಾಗ ಬೇಕಾದರೂ ಸಿಗುತ್ತದೆ, ಯಾವ ಗನ್ ಅಂಗಡಿಯವನಿಗೂ ರಿಪೇರಿ ಗೊತ್ತು. ಮಾಮೂಲಿ ಕಾರ್ಬೈನ್ (ಗಿಡ್ಡ ರೈಫಲ್) ಮಾಡೆಲ್ 300 ಡಾಲರ್ ಆಸುಪಾಸು ಸಿಗುತ್ತದೆ. ತೂಕ ಸುಮಾರು ಐದು ಪೌಂಡ್. ಮಗ ಎತ್ತಬಲ್ಲ. ಅವನಿಗೆ ಭುಜಕ್ಕೆ ಒತ್ತುವ ಹಿಡಿ ಉದ್ದ ಅನ್ನಿಸಿದರೆ ಕಾಂಪ್ಯಾಕ್ಟ್ ಮಾಡೆಲ್ ಇದೆ.

ಇದರ ಜೀವ ಇರೋದು ಮ್ಯಾಗಜಿನ್‌ನಲ್ಲಿ. ಹತ್ತು ಗುಂಡಿನ ಪುಟ್ಟ ಚೌಕ ಡಬ್ಬಿ, ಒಳಗೆ ತಿರುಗುವ ಚಕ್ರ. .22 ಗುಂಡಿನ ಕೇಸಿನ (ಮದ್ದು ತುಂಬಿದ ಲೋಹದ ಕವಚದ) ಹಿಂಬದಿಯಲ್ಲಿ ಒಂದು ಅಂಚು ಇರುತ್ತದೆ. ನೆಟ್ಟಗಿನ ಮ್ಯಾಗಜಿನ್‌ನಲ್ಲಿ ಒಂದರ ಅಂಚು ಇನ್ನೊಂದಕ್ಕೆ ಸಿಕ್ಕಿಕೊಂಡು ತೊಂದರೆ ಕೊಡೋದುಂಟು. ಈ ಚಕ್ರದಲ್ಲಿ ಪ್ರತಿ ಗುಂಡಿಗೂ ಅದರದ್ದೇ ಗೂಡು, ಆ ರಗಳೆ ಇಲ್ಲ. ಕಂಪನಿಯದ್ದೇ 25 ಗುಂಡಿನ ಮ್ಯಾಗಜಿನ್ ಕೂಡ ಬರುತ್ತದೆ. ಆದರೆ ಕಲಿಯುವವರಿಗೆ ಹತ್ತೇ ಒಳ್ಳೆಯದು. ಹತ್ತು ಹೊಡೆದು ನಿಲ್ಲಿಸಿ, ಗುರಿ ನೋಡಿ, ಉಸಿರು ಬಿಟ್ಟು, ಮತ್ತೆ ತುಂಬಿಸಬೇಕು.

ಕೊರತೆಗಳೂ ಇವೆ. ಕೊನೆಯ ಗುಂಡು ಹೋದ ಮೇಲೆ ಬೋಲ್ಟ್, ಅಂದರೆ ನಳಿಗೆಯ ಹಿಂಬದಿ ಮುಚ್ಚುವ ಉಕ್ಕಿನ ತುಂಡು, ತೆರೆದು ನಿಲ್ಲೋದಿಲ್ಲ, ಮುಚ್ಚಿಕೊಳ್ಳುತ್ತದೆ. ಖಾಲಿಯಾಯ್ತು ಅಂತ ಗೊತ್ತಾಗೋದು ಟ್ರಿಗರ್ ಒತ್ತಿ ಬರೀ ಟಕ್ ಅಂದಾಗ. ಟ್ರಿಗರ್ ಸ್ವಲ್ಪ ಗಟ್ಟಿ. ಹೆಚ್ಚಿನ ಮಾಡೆಲ್ಲುಗಳಲ್ಲಿ ನಳಿಗೆಯನ್ನು ಹಿಂದಿನಿಂದ ಸ್ವಚ್ಛ ಮಾಡೋಕೆ ದಾರಿ ಇಲ್ಲ. ಬೋರ್ ಸ್ನೇಕ್ ಅನ್ನೋ ಹಗ್ಗದಂಥ ಬ್ರಷ್ ಎಳೆದರೆ ಸಾಕು. ಅತಿ ಸ್ವಚ್ಛತೆ ಬೇಡ, ಬೋಲ್ಟಿಗೆ ಒಂದು ಹನಿ ಎಣ್ಣೆ ಇರಲಿ.

ಇನ್ನು ಜಾಮ್ ವಿಷಯ. .22 ಸೆಮಿ ಆಟೋದಲ್ಲಿ ಜಾಮ್ ಆದರೆ ಎಲ್ಲರೂ ರೈಫಲ್ ಬೈತಾರೆ. ಮುಕ್ಕಾಲು ಪಾಲು ತಪ್ಪು ಗುಂಡಿನದ್ದು. ಬೋಲ್ಟ್ ಹಿಂದಕ್ಕೆ ಹೋಗೋಕೆ ಗುಂಡಿನಲ್ಲಿ ದಮ್ಮಿರಬೇಕು. ಹೈ ವೆಲಾಸಿಟಿ ಅಂತ ಬರೆದದ್ದನ್ನೇ ತಗೊಳ್ಳಿ. ಸಿಸಿಐ ಮಿನಿ ಮ್ಯಾಗ್ ಥರದ್ದು, ಸೆಕೆಂಡಿಗೆ 1200 ಅಡಿ ದಾಟುವಂಥದ್ದು. ಶಬ್ದಕ್ಕಿಂತ ನಿಧಾನವಾಗಿ ಹೋಗುವ ಸಬ್‌ಸಾನಿಕ್ ಹಾಕಿದರೆ ಖಾಲಿ ಕೇಸು ಪೂರ್ತಿ ಹೊರಗೆ ಹಾರದೆ ಬೋಲ್ಟಿನ ಬಾಯಲ್ಲಿ ಸಿಕ್ಕಿಕೊಂಡು ನಿಲ್ಲಬಹುದು. ಮೊದಲು ಮೂರು ನಾಲ್ಕು ಬ್ರಾಂಡಿನ ಚಿಕ್ಕ ಡಬ್ಬಿ ತಂದು ನೋಡಿ. ನಿಮ್ಮ ರೈಫಲ್‌ಗೆ ಯಾವುದು ಹಿಡಿಸುತ್ತದೋ ಅದನ್ನೇ ದೊಡ್ಡ ಡಬ್ಬಿಯಲ್ಲಿ ತನ್ನಿ.

ಟ್ರಿಗರ್ ಒತ್ತಿದರೂ ಗುಂಡು ಹಾರದಿದ್ದರೆ ತಕ್ಷಣ ಬೋಲ್ಟ್ ಎಳೆಯಬೇಡಿ. ನಳಿಗೆಯನ್ನು ಗುರಿಯ ಕಡೆಗೇ ಹಿಡಿದು 30 ಸೆಕೆಂಡ್ ಕಾಯಿರಿ. ತಡವಾಗಿ ಸಿಡಿಯಬಹುದು. ಅದಕ್ಕಿಂತ ಅಪಾಯ ಮೆತ್ತಗೆ 'ಪುಸ್' ಅಂತ ಬರೋ ಸದ್ದು. ಗುಂಡು ನಳಿಗೆಯಲ್ಲೇ ಕೂತಿರಬಹುದು. ಮುಂದಿನದನ್ನು ಹೊಡೆದರೆ ನಳಿಗೆ ಉಬ್ಬುತ್ತದೆ ಅಥವಾ ಒಡೆಯುತ್ತದೆ. ಮ್ಯಾಗಜಿನ್ ತೆಗೆದು, ಚೇಂಬರ್ (ನಳಿಗೆಯ ಹಿಂತುದಿಯಲ್ಲಿ ಗುಂಡು ಕೂರುವ ಜಾಗ) ಖಾಲಿ ಮಾಡಿ, ರೇಂಜ್ ಆಫೀಸರನ್ನು ಕರೆಯಿರಿ.

ಲೆಕ್ಕ ಹೀಗೆ: ರೈಫಲ್ 300, ಕಿವಿಯ ಮಫ್ ಮತ್ತು ಕನ್ನಡಕ 40, ಬೀಗದ ಉಕ್ಕಿನ ಕಪಾಟು 100, ಉಳಿದದ್ದು ಗುಂಡು. ಸ್ಕೋಪ್ (ದುರ್ಬೀನು) ಈಗಲೇ ಬೇಡ. ಮೊದಲು ರೈಫಲ್ ಜೊತೆ ಬರುವ, ಗುರಿ ಹಿಡಿಯುವ ಸೈಟಿನಲ್ಲೇ 25 ಗಜದಲ್ಲಿ ಕೈ ಕೂರಲಿ. .22ದು ಸದ್ದೇ ಇಲ್ಲ ಅಂತ ಮಫ್ ಬಿಡೋರು ಇದ್ದಾರೆ. ಅದೂ 140 ಡೆಸಿಬಲ್ ಹತ್ತಿರ ಬರುತ್ತದೆ, ಕಿವಿ ಹಾಳಾಗೋಕೆ ಅಷ್ಟು ಸಾಕು. ಅಗಲ ಕತ್ತಿನ ಶರ್ಟ್ ಹಾಕಬೇಡಿ. ಬಿಸಿ ಕೇಸು ಕಾಲರಿನೊಳಗೆ ಬಿದ್ದಾಗ ಮನುಷ್ಯ ಕುಣಿಯುತ್ತಾನೆ, ಕೈಯಲ್ಲಿ ರೈಫಲ್ ಇರುವಾಗ ಕುಣಿಯಬಾರದು.

ಉತ್ತರ: ರೆಡ್‌ಮಂಡ್, ವಾಷಿಂಗ್ಟನ್

ಮೇಲಿನವರು ಹೇಳಿದ್ದು ಸರಿ. ಆದರೆ ಇದನ್ನು ಓದೋ ಬೇರೆ ರಾಜ್ಯದವರಿಗೆ ಒಂದು ಮಾತು. ಟೆಕ್ಸಾಸ್ ನೋಡಿ ಅಳೆಯಬೇಡಿ. ನಮ್ಮಲ್ಲಿ 2018ರಲ್ಲಿ ಮತದಾರರೇ ಪಾಸು ಮಾಡಿದ ಕಾನೂನಿನ ಪ್ರಕಾರ ಬಡಪಾಯಿ 10/22 ಕೂಡ 'ಸೆಮಿ ಆಟೋಮ್ಯಾಟಿಕ್ ಅಸಾಲ್ಟ್ ರೈಫಲ್'. 21 ವರ್ಷ ಆಗಿರಬೇಕು, ಸುರಕ್ಷತಾ ತರಬೇತಿಯ ದಾಖಲೆ ಬೇಕು, ಮೇಲೆ ಕಾಯಬೇಕು. ನ್ಯೂಜೆರ್ಸಿಯಲ್ಲಿ ಪೊಲೀಸರಿಂದ ಐಡಿ ಕಾರ್ಡ್ ಮಾಡಿಸದೆ ರೈಫಲ್ ತಗೊಳ್ಳೋ ಹಾಗಿಲ್ಲ, ಇಲಿನಾಯ್ಸ್‌ನಲ್ಲಿ ಫಾಯ್ಡ್ ಕಾರ್ಡ್ ಅನ್ನೋ ಗನ್ ಮಾಲೀಕರ ಐಡಿ. ಅಂಗಡಿಗೆ ಹೋಗೋ ಮುಂಚೆ ನಿಮ್ಮ ರಾಜ್ಯದ್ದು ನೋಡಿಕೊಳ್ಳಿ.

ಮಗನಿಗೆ ಕಲಿಸೋದಾದರೆ ಸೆಮಿ ಆಟೋ ಬೇಡ ಅನ್ನೋ ಪಂಗಡ ನನ್ನದು. ನಾನು ತಗೊಂಡದ್ದು ರೂಗರ್ ಅಮೆರಿಕನ್ ರಿಮ್‌ಫೈರ್, ಬೋಲ್ಟ್ ಆ್ಯಕ್ಷನ್. ಒಂದೊಂದು ಗುಂಡಿಗೂ ಕೈಯಿಂದಲೇ ಬೋಲ್ಟ್ ಎಳೆಯಬೇಕು. ಮಗು ಖುಷಿಯಲ್ಲಿ ಹಿಂದೆ ತಿರುಗಿದರೂ ಮುಂದಿನ ಗುಂಡು ಚೇಂಬರಿಗೆ ತಾನಾಗಿ ಬಂದು ಕೂತಿರೋದಿಲ್ಲ. ಅದಕ್ಕೆ 10/22ರ ಮ್ಯಾಗಜಿನ್ನೇ ಸರಿಹೋಗುತ್ತದೆ. ನಾಳೆ ಎರಡೂ ತಗೊಂಡರೂ ಮ್ಯಾಗಜಿನ್ ಒಂದೇ.

ಉತ್ತರ: ಟ್ಯಾಂಪಾ, ಫ್ಲಾರಿಡಾ

ನಂದು ಉಲ್ಟಾ. ಗೆಳೆಯರೆಲ್ಲ ಎಆರ್ ಹಿಡಿದಿರುವಾಗ ನಿಮ್ಮ ಮನಸ್ಸು ಅದರ ಮೇಲೇ ಇರುತ್ತದೆ, ಸುಮ್ನೆ ಯಾಕೆ ತಡೆಯೋದು. ಸ್ಮಿತ್ ಆ್ಯಂಡ್ ವೆಸನ್‌ನವರ ಎಂ ಆ್ಯಂಡ್ ಪಿ 15-22 ನೋಡಿ. ಹೊರಗೆ ಎಆರ್ ಆಕಾರ, ಸೇಫ್ಟಿ, ಮ್ಯಾಗಜಿನ್ ಬಟನ್ ಎಲ್ಲಾ ಎಆರ್ ಜಾಗದಲ್ಲೇ. ಒಳಗೆ .22. ಮೈಯೆಲ್ಲ ಪಾಲಿಮರ್, ಹಗುರ. ಕೊನೆಯ ಗುಂಡಿಗೆ ಬೋಲ್ಟ್ ತೆರೆದು ನಿಲ್ಲುತ್ತದೆ. 10/22ಗಿಂತ ನೂರು ನೂರೈವತ್ತು ಜಾಸ್ತಿ, ನಿಮ್ಮ ಬಜೆಟ್ ಉಸಿರುಗಟ್ಟುತ್ತದೆ, ಅದು ನಿಜ.

ಹಳೆಯದು ತಗೊಳ್ಳೋಕೆ ಅಡ್ಡಿ ಇಲ್ಲದಿದ್ದರೆ ಮಾರ್ಲಿನ್ ಮಾಡೆಲ್ 60 ಹುಡುಕಿ. 1960ರಿಂದ ಬಂದದ್ದು, ಲಕ್ಷಗಟ್ಟಲೆ ಮಾರಾಟವಾಗಿದೆ. ಗುರಿ ಬಹಳ ಚೆನ್ನ. ಮ್ಯಾಗಜಿನ್ ಡಬ್ಬಿ ಇಲ್ಲ, ನಳಿಗೆಯ ಕೆಳಗಿನ ಕೊಳವೆಗೆ ಒಂದೊಂದೇ ಗುಂಡು ಇಳಿಬಿಡಬೇಕು. ಹಳೆಯದರಲ್ಲಿ ಎರಡು ಕಡೆ ನೋಡಿ. ಒಳಗೆ ಬೋಲ್ಟ್ ಬಂದು ಬಡಿಯುವ ಪ್ಲಾಸ್ಟಿಕ್ ಬಫರ್ ಬಿರುಕು ಬಿಟ್ಟಿದೆಯಾ? ಅಗ್ಗದ ಭಾಗ, ಬದಲಾಯಿಸಬಹುದು. ಆಮೇಲೆ ಚೇಂಬರಿನ ಬಾಯಿಗೆ ಟಾರ್ಚ್ ಬಿಡಿ. ಗುಂಡಿಲ್ಲದೆ ಟ್ರಿಗರ್ ಒತ್ತಿ ಒತ್ತಿ ಅಂಚಿನಲ್ಲಿ ಉಗುರು ಒತ್ತಿದಂಥ ಗುರುತು ಬಿದ್ದಿದ್ದರೆ ವಾಪಸ್ ಕೊಟ್ಟು ಬನ್ನಿ.

ಉತ್ತರ: ಅಟ್ಲಾಂಟಾ

ನಾನು ಕೊಡಗಿನವನು. ನಮ್ಮಲ್ಲಿ ಕೈಲ್ ಪೊಳ್ದ್ ಹಬ್ಬಕ್ಕೆ ಕೋವಿಗೆ ತೋಕ್ ಪೂ (ಕೋವಿ ಹೂ) ಇಟ್ಟು ಪೂಜೆ, ಆಮೇಲೆ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ. ಆದರೂ ಮನೆಯ ಹಿರಿಯರು ಎಷ್ಟೋ ದಿನ ಖಾಲಿ ಕೋವಿ ಹಿಡಿಸಿಯೇ ಕಲಿಸ್ತಿದ್ದರು. ನಳಿಗೆ ಯಾರ ಕಡೆ ತಿರುಗಿದರೂ ಬೈಗುಳ. ಇಲ್ಲಿ ಅಷ್ಟು ಹಿರಿಯರು ಸಿಗೋದಿಲ್ಲ. ಪ್ರಾಜೆಕ್ಟ್ ಆ್ಯಪಲ್‌ಸೀಡ್ ಅಂತ ವಾರಾಂತ್ಯದ ತರಬೇತಿ ಅಮೆರಿಕದ ಹಲವು ಕಡೆ ನಡೆಯುತ್ತದೆ. ಅಲ್ಲಿ ಹೆಚ್ಚಿನವರು ತರೋದು 10/22ನ್ನೇ. ಮಲಗಿ, ಕೂತು, ನಿಂತು, ಸ್ಲಿಂಗ್ (ರೈಫಲ್ಲಿನ ಪಟ್ಟಿ) ತೋಳಿಗೆ ಬಿಗಿದು 25 ಮೀಟರಿನಲ್ಲಿ ಹೊಡೆಸ್ತಾರೆ. ಮಕ್ಕಳೂ ಬರ್ತಾರೆ. ಮನೆಯವರನ್ನೂ ಕರ್ಕೊಂಡು ಹೋಗಿ, ಉಳಿದ ಅರ್ಧ ಮನಸ್ಸೂ ಬರುತ್ತದೆ.

ಉತ್ತರ: ಕ್ಯಾರಿ, ನಾರ್ತ್ ಕ್ಯಾರೊಲಿನಾ

ಯಾರೂ ಹೇಳಲಿಲ್ಲ, ನಾನು ಹೇಳಿಬಿಡ್ತೀನಿ. ಪ್ರಶ್ನೆ ಕೇಳಿದವರಿಗೆ ಗ್ರೀನ್ ಕಾರ್ಡ್ ಇದೆ, ಸರಿ. ಅಂಗಡಿಯಲ್ಲಿ 4473 ಅನ್ನೋ ಫಾರಂ ತುಂಬಿಸ್ತಾರೆ, ಅದರಲ್ಲಿ ಗ್ರೀನ್ ಕಾರ್ಡಿನ ಮೇಲಿರುವ ನಿಮ್ಮ ಏಲಿಯನ್ ನಂಬರ್ ಬರೀಬೇಕು, ವಿಳಾಸ ಇರುವ ರಾಜ್ಯದ ಐಡಿ ತೋರಿಸಬೇಕು. ಹಿನ್ನೆಲೆ ಪರಿಶೀಲನೆ ಅಲ್ಲೇ ಆಗುತ್ತದೆ. ಗಾಂಜಾ ಬಗ್ಗೆಯೂ ಒಂದು ಪ್ರಶ್ನೆ ಇದೆ. ರಾಜ್ಯದಲ್ಲಿ ಅದಕ್ಕೆ ಅನುಮತಿ ಇದ್ದರೂ ಫೆಡರಲ್ ಕಾನೂನಿನಲ್ಲಿ ಇಲ್ಲ, ಆ ಫಾರಂ ಫೆಡರಲ್.

ಆದರೆ ಎಚ್-1ಬಿ, ಎಲ್-1, ಎಫ್-1, ಎಚ್-4ನಲ್ಲಿ ಇರೋರು ಕೇಳಿಸಿಕೊಳ್ಳಿ. ವಲಸೆಯೇತರ ವೀಸಾದಲ್ಲಿ ಇರುವವರು ಗನ್ ಆಗಲಿ ಗುಂಡಾಗಲಿ ಕೈಯಲ್ಲಿ ಇಟ್ಟುಕೊಳ್ಳೋದನ್ನೇ ಫೆಡರಲ್ ಕಾನೂನು ನಿಷೇಧಿಸುತ್ತದೆ. ಯಾವುದಾದರೂ ರಾಜ್ಯದ ಚಾಲ್ತಿಯಲ್ಲಿರುವ ಹಂಟಿಂಗ್ ಲೈಸೆನ್ಸ್ ಇದ್ದವರಿಗೆ ವಿನಾಯಿತಿ ಇದೆ, ಇನ್ನೂ ಒಂದೆರಡು ಇವೆ. ರೇಂಜಿನಲ್ಲಿ ಬಾಡಿಗೆಗೆ ಹಿಡಿದರೂ ಅದು 'ಕೈಯಲ್ಲಿ ಇಟ್ಟುಕೊಂಡ' ಲೆಕ್ಕವೇ. ಬಂದೂಕಿನ ಕೇಸು ಗಡೀಪಾರಿನವರೆಗೂ ಹೋಗಬಹುದು. ಇಮಿಗ್ರೇಷನ್ ವಕೀಲರನ್ನು ಕೇಳಿ, ಗೆಳೆಯರನ್ನಲ್ಲ.

ಪ್ರಶ್ನೆ ಕೇಳಿದವರು, ಮತ್ತೆ

ಎಲ್ಲರಿಗೂ ಧನ್ಯವಾದ. 10/22 ಅಂತ ತೀರ್ಮಾನ ಮಾಡಿದೆ. ಮಗನ ಬೋಲ್ಟ್ ಆ್ಯಕ್ಷನ್ ಮುಂದಿನ ವರ್ಷ ನೋಡೋಣ. ಕ್ಯಾರಿಯವರೇ, ಒಂದು ಸಂದೇಹ. ಡಿಸೆಂಬರಿನಲ್ಲಿ ಅಪ್ಪ ಅಮ್ಮ ಬರ್ತಿದ್ದಾರೆ. ಅಪ್ಪ ಕಾಲೇಜಿನಲ್ಲಿ ಎನ್‌ಸಿಸಿ ಕೆಡೆಟ್, .22ನಲ್ಲಿ ಹೊಡೆದದ್ದನ್ನು ಇವತ್ತಿಗೂ ಹೇಳ್ತಿರ್ತಾರೆ. ಅವರನ್ನು ಒಂದು ದಿನ ರೇಂಜಿಗೆ ಕರ್ಕೊಂಡು ಹೋಗಬಹುದಾ?

ಉತ್ತರ: ಕ್ಯಾರಿ

ಕರ್ಕೊಂಡು ಹೋಗಿ, ಗಾಜಿನ ಆಚೆ ಕೂರಿಸಿ. ಅವರು ಬರೋದು ಬಿ-2 ಟೂರಿಸ್ಟ್ ವೀಸಾದಲ್ಲಿ ಅಲ್ವಾ, ಅದೂ ವಲಸೆಯೇತರವೇ. ಕೈಗೆ ಕೊಟ್ಟು ಫೋಟೊ ತೆಗೆದು ವಾಟ್ಸಾಪಿನಲ್ಲಿ ಹಾಕೋದಂತೂ ಬೇಡವೇ ಬೇಡ. ಅವರು ಮನೆಯಲ್ಲಿ ಇರುವಷ್ಟು ದಿನ ಕಪಾಟಿನ ಬೀಗದ ಕೈ ನಿಮ್ಮ ಹತ್ತಿರವೇ ಇರಲಿ.

ಇನ್ನೊಂದು. ರೇಂಜಿಗೆ ಒಯ್ಯುವ ಚೀಲವನ್ನು ಊರಿಗೆ ಹೋಗುವಾಗ ಬಳಸಲೇಬೇಡಿ, ಅಪ್ಪ ಅಮ್ಮನಿಗೂ ಕೊಡಬೇಡಿ. .22 ಗುಂಡು ಹೊಲಿಗೆಯ ಸಂದಿಯಲ್ಲಿ ಕೂತುಬಿಡುತ್ತದೆ. ಭಾರತದ ವಿಮಾನ ನಿಲ್ದಾಣದ ಎಕ್ಸ್‌ರೇಯಲ್ಲಿ ಒಂದೇ ಒಂದು ಗುಂಡು ಕಂಡರೂ ಆರ್ಮ್ಸ್ ಆ್ಯಕ್ಟ್ ಕೆಳಗೆ ಪೊಲೀಸ್ ಕೇಸು. ಮರೆತಿತ್ತು ಅಂದರೆ ಅಲ್ಲಿ ಬಿಡೋದಿಲ್ಲ, ಕೋರ್ಟಿನಲ್ಲಿ ಹೇಳಬೇಕಾಗುತ್ತದೆ. ರೇಂಜಿಗೆ ಅಂತಲೇ ಒಂದು ಚೀಲ ಇಟ್ಟುಕೊಂಡು ಗ್ಯಾರೇಜಿನಲ್ಲಿ ನೇತುಹಾಕಿಬಿಡಿ.