ಸರ್ವರ್ ಎಲ್ಲಿ ಹೋದ?

"ಎಲ್ಲಕ್ಕಿಂತ ಮುಖ್ಯ ಸರ್ವರ್. ಸರ್ವರ್ ಸರಿಯಿಲ್ಲ ಅಂದ್ರೆ ಮುಗೀತು ಕಥೆ," ಎಂದ ಸುಬ್ಬು.

"ಮೆಲ್ಲಗೆ ಹೇಳು ಮಾರಾಯ, ಶೀನಣ್ಣನಿಗೆ ಕೇಳಿಸೀತು," ಎಂದ ನಾಣಿ.

ಶೀನಣ್ಣ ಆಗಷ್ಟೇ ಐದು ಲೋಟ ನೀರನ್ನು ಒಂದೇ ಕೈಯಲ್ಲಿ ತಂದಿಟ್ಟು ಹೋಗಿದ್ದರು. ಐದು ಲೋಟ, ಐದು ಬೆರಳು. ಯಾವ ಬೆರಳೂ ಒಣಗಿರಲಿಲ್ಲ.

ಸುಬ್ಬು ಬ್ಲಾಗ್ ಬರೆಯುತ್ತೇನೆ ಅಂದು ಆಗಲೇ ಏಳು ವಾರ. ಈ ಏಳು ವಾರದಲ್ಲಿ ಒಂದಕ್ಷರ ಬರೆದಿರಲಿಲ್ಲ. ಆದರೆ ಒಂದು ಎಕ್ಸೆಲ್ ಶೀಟ್ ತಯಾರಾಗಿತ್ತು. ಅಡ್ಡಕ್ಕೆ ಹದಿನಾಲ್ಕು ಹೋಸ್ಟಿಂಗ್ ಕಂಪನಿ, ಅಂದರೆ ಬ್ಲಾಗ್ ಇಡಲು ಸರ್ವರ್ ಎಂಬ ಕಂಪ್ಯೂಟರಿನಲ್ಲಿ ಜಾಗ ಬಾಡಿಗೆಗೆ ಕೊಡುವವರು. ಉದ್ದಕ್ಕೆ ಇಪ್ಪತ್ತಾರು ಸಾಲು. ಮಗಳ ಮದುವೆಗೆ ಛತ್ರ ಹುಡುಕುವಾಗ ಕೂಡ ಅವನು ಇಷ್ಟು ವಿಚಾರಿಸಿರಲಿಲ್ಲ. ಭಾನುವಾರ ಬೆಳಗ್ಗೆ ಇಡ್ಲಿ ತಿನ್ನಲು ಗಾಂಧಿ ಬಜಾರಿಗೆ ಬಂದವನು ಲ್ಯಾಪ್‌ಟಾಪ್ ಹೊತ್ತುಕೊಂಡೇ ಬಂದಿದ್ದ.

"ಇದನ್ನು ನೋಡಿ. ತಿಂಗಳಿಗೆ ಬರೀ 69 ರೂಪಾಯಿ. ಜಾಗ ಅನ್‌ಲಿಮಿಟೆಡ್, ಬ್ಯಾಂಡ್‌ವಿಡ್ತ್ ಅನ್‌ಲಿಮಿಟೆಡ್, ಎಲ್ಲಾ ಅನ್‌ಲಿಮಿಟೆಡ್."

"ಅನ್‌ಲಿಮಿಟೆಡ್ ಊಟ ಅಂತ ಬೋರ್ಡು ಇರುವ ಹೋಟೆಲಲ್ಲಿ ಮೂರನೇ ಸಲ ಅನ್ನ ಕೇಳಿದ್ದೀಯಾ?" ಎಂದ ನಾಣಿ. "ಅನ್ನ ಮುಗಿದಿರುವುದಿಲ್ಲ. ಸರ್ವರ್ ಮುಗಿದಿರುತ್ತಾನೆ. ಬಕೆಟ್ ಹಿಡಿದುಕೊಂಡು ಗೋಡೆ ನೋಡುತ್ತಾ ಆ ಕಡೆಯಿಂದ ಹೋಗಿಬಿಡುತ್ತಾನೆ."

"ಅಂಕಲ್ ಹೇಳಿದ್ದು ನಿಜ ಮಾವ," ಎಂದ ಚಿದು. "ಜಾಗಕ್ಕೆ ಮಿತಿ ಇಲ್ಲ ಅಂತ ದಪ್ಪಕ್ಷರದಲ್ಲಿ ಹಾಕುತ್ತಾರೆ. ಕೆಳಗೆ ಸಣ್ಣಕ್ಷರದಲ್ಲಿ ಇನೋಡ್ ಲಿಮಿಟ್ ಇರುತ್ತದೆ. ಅಂದ್ರೆ ಒಟ್ಟು ಇಷ್ಟೇ ಫೈಲ್ ಇಡಬಹುದು, ಎರಡೂವರೆ ಲಕ್ಷವೋ ಎಷ್ಟೋ."

"ಸರಿ ಹೋಯಿತು. ಅನ್ನ ಎಷ್ಟು ಬೇಕಾದರೂ ತಿನ್ನಿ, ಅಗುಳು ಮಾತ್ರ ಎರಡೂವರೆ ಲಕ್ಷ ದಾಟಬಾರದು!"

ಸುಬ್ಬು ಇಪ್ಪತ್ತೇಳನೇ ಸಾಲು ಸೇರಿಸಿದ.

"69 ರೂಪಾಯಿ ತಾನೇ, ಕೊಟ್ಟು ಮುಗಿಸಿ," ಎಂದರು ಪದ್ಮಕ್ಕ.

"ಹಾಗಲ್ಲ ಪದ್ಮ. ತಿಂಗಳಿಗೆ 69. ಆದರೆ 48 ತಿಂಗಳದ್ದು ಒಟ್ಟಿಗೆ ಕಟ್ಟಬೇಕು. 3,312. ಅದಕ್ಕೆ ಶೇಕಡ 18 ಜಿಎಸ್‌ಟಿ. 3,908. ನಾಲ್ಕು ವರ್ಷ ಆದಮೇಲೆ ರಿನ್ಯೂ ಮಾಡುವಾಗ ರೇಟು ಮೂರು ಪಟ್ಟು."

"ಹೋಟೆಲಲ್ಲಿ ತಿಂದರೆ ಶೇಕಡ 5, ಬ್ಲಾಗ್ ಬರೆದರೆ ಶೇಕಡ 18," ಎಂದ ನಾಣಿ. "ಯಾವುದು ಆರೋಗ್ಯಕ್ಕೆ ಜಾಸ್ತಿ ಹಾನಿ ಅಂತ ಸರ್ಕಾರಕ್ಕೆ ಚೆನ್ನಾಗಿ ಗೊತ್ತು."

ಇಡ್ಲಿ ಬಂತು. ಸ್ವಲ್ಪ ಹೊತ್ತು ಎಲ್ಲರೂ ಸುಮ್ಮನಾದೆವು. ಸುಬ್ಬು ಮಾತ್ರ ಒಂದು ಕೈಯಲ್ಲಿ ಚಟ್ನಿ ಕಲಸುತ್ತಾ ಇನ್ನೊಂದು ಕೈಯಲ್ಲಿ ಸ್ಕ್ರೀನ್ ಕೆಳಗಿಳಿಸುತ್ತಿದ್ದ.

"ಗೂಗಲ್‌ನವರದು ಬಿಟ್ಟಿ ಇದೆಯಂತಲ್ಲ? ಎದುರು ಮನೆ ಹುಡುಗಿ ಅದರಲ್ಲೇ ಬರೆಯುತ್ತಾಳೆ," ಎಂದರು ಪದ್ಮಕ್ಕ.

"ಬಿಟ್ಟಿ ಮನೆಯನ್ನು ಎಂದಾದರೂ ಖಾಲಿ ಮಾಡಿಸುತ್ತಾರೆ. ಬಿಟ್ಟಿ ಸೈಟು ಕೊಡುತ್ತಿದ್ದ ಜಿಯೋಸಿಟೀಸ್ 2009ರಲ್ಲಿ ಹೋಯಿತು. ಆರ್ಕುಟ್ 2014ರಲ್ಲಿ ಹೋಯಿತು. ನನ್ನದು ಅನ್ನುವುದು ಏನೂ ಉಳಿಯಲಿಲ್ಲ."

"ಆರ್ಕುಟ್‌ನಲ್ಲಿ ನಿನ್ನ ಬಗ್ಗೆ ಟೆಸ್ಟಿಮೋನಿಯಲ್ ಬರೆದವನು ನಾನು. ಹೋದದ್ದೇ ಒಳ್ಳೆಯದಾಯಿತು," ಎಂದ ನಾಣಿ.

"ಅದು ಬಿಡು. ಶೇರ್ಡ್ ತಗೊಳ್ಳಲೋ, ವಿಪಿಎಸ್ ತಗೊಳ್ಳಲೋ? ಚಿದು, ನೀನು ಹೇಳು."

"ಶೇರ್ಡ್ ಅಂದ್ರೆ ಏನೋ?" ಎಂದರು ಪದ್ಮಕ್ಕ.

ಚಿದು ಬಾಯಿ ತೆರೆಯುವ ಮೊದಲೇ ನಾಣಿ ಟೇಬಲ್ ತಟ್ಟಿದ. "ಇದೇ ಪದ್ಮಕ್ಕ, ಈ ಟೇಬಲ್. ಭಾನುವಾರ ಗಿರಾಕಿ ಜಾಸ್ತಿ ಅಂತ ಗುರುತಿಲ್ಲದವರನ್ನು ನಮ್ಮ ಪಕ್ಕ ಕೂರಿಸುತ್ತಾರಲ್ಲ. ಅವನು ಸಾಂಬಾರಿಗೆ ವಡೆ ಎತ್ತಿಹಾಕುತ್ತಾನೆ, ಹಾರುವುದು ನಮ್ಮ ಶರಟಿಗೆ. ಅದೇ ಶೇರ್ಡ್."

"ಹೌದು ಅತ್ತೆ. ಒಂದೇ ಕಂಪ್ಯೂಟರಿನಲ್ಲಿ ನೂರಾರು ಸೈಟು ಇಟ್ಟಿರುತ್ತಾರೆ. ಪಕ್ಕದ ಸೈಟಿಗೆ ಜನ ನುಗ್ಗಿದರೆ ನಮ್ಮದು ನಿಧಾನ ಆಗುತ್ತದೆ. ಪಕ್ಕದವನು ಸ್ಪ್ಯಾಮ್ ಕಳಿಸಿದರೆ ನಮ್ಮ ಮೇಲ್ ಮೇಲೂ ಅನುಮಾನ ಬರಬಹುದು. ಇಬ್ಬರದೂ ಒಂದೇ ಐಪಿ ಅಡ್ರೆಸ್, ಇಂಟರ್ನೆಟ್ಟಿನ ಮನೆ ನಂಬರ್ ತಾನೇ."

"ವಿಪಿಎಸ್?"

"ಫ್ಯಾಮಿಲಿ ರೂಮ್," ಎಂದ ನಾಣಿ. "ಅಡುಗೆಮನೆ ಒಂದೇ, ಹಾಲ್ ಒಂದೇ. ನಡುವೆ ಪ್ಲೈವುಡ್ ನಿಲ್ಲಿಸಿ ಇದು ನಿಮ್ಮದೇ ಕೋಣೆ ಅನ್ನುತ್ತಾರೆ. ಫ್ಯಾನು ನಿಮಗೊಬ್ಬರಿಗೇ. ಕೆಟ್ಟರೆ ಸ್ಟೂಲ್ ಹತ್ತಿ ರಿಪೇರಿ ಮಾಡುವವರೂ ನೀವೇ."

ಚಿದು ತಲೆ ಕೆರೆದುಕೊಂಡ. "ನಮ್ಮ ಆಫೀಸಿನಲ್ಲಿ ಇದನ್ನು ಹೇಳಿಕೊಡಲು ಮೂರು ದಿನ ಟ್ರೈನಿಂಗ್ ಕೊಟ್ಟರು ಅಂಕಲ್."

"ಡೆಡಿಕೇಟೆಡ್ ಸರ್ವರ್ ಕೇಳಲಿಲ್ಲವಲ್ಲ?" ನಾಣಿ ನೀರಿನ ಲೋಟ ಎತ್ತಿ ತೋರಿಸಿದ. "ಒಂದೊಂದು ಲೋಟಕ್ಕೆ ಒಂದೊಂದು ಬೆರಳು."

ಸುಬ್ಬು ನಗಲಿಲ್ಲ. ಅವನಿಗೆ ಅಪ್‌ಟೈಮ್ ಚಿಂತೆ. ವರ್ಷದಲ್ಲಿ ಎಷ್ಟು ಹೊತ್ತು ಸೈಟು ತೆರೆದಿರುತ್ತದೆ ಅನ್ನುವುದಕ್ಕೆ ಈ ಕಂಪನಿಯವರು ಶೇಕಡ 99.9 ಗ್ಯಾರಂಟಿ ಕೊಡುತ್ತಾರೆ, ಇನ್ನೊಬ್ಬರು ಶೇಕಡ 99.99 ಅನ್ನುತ್ತಾರೆ. ಆ ಇನ್ನೊಂದು 9ಕ್ಕೆ ತಿಂಗಳಿಗೆ ಮೂವತ್ತು ರೂಪಾಯಿ ಜಾಸ್ತಿ. ಚಿದು ಲೆಕ್ಕ ಹಾಕಿದ. 99.9 ಅಂದರೆ ವರ್ಷಕ್ಕೆ ಎಂಟು ಮುಕ್ಕಾಲು ಗಂಟೆ ಬಾಗಿಲು ಮುಚ್ಚಬಹುದು. ಇನ್ನೊಂದು 9 ಸೇರಿಸಿದರೆ ಐವತ್ತಮೂರು ನಿಮಿಷ.

"ಶೀನಣ್ಣ ಕೋಟೇಶ್ವರದ ಕೊಡಿ ಹಬ್ಬಕ್ಕೆ ಅಂತ ವರ್ಷಕ್ಕೆ ಹತ್ತು ದಿನ ಊರಿಗೆ ಹೋಗುತ್ತಾರೆ," ಎಂದ ನಾಣಿ. "ಅಪ್‌ಟೈಮ್ ಶೇಕಡ 97. ನಾವೇನು ಹೋಟೆಲ್ ಬದಲಾಯಿಸಿದ್ದೇವಾ? ನಿನ್ನ ಬ್ಲಾಗಿಗೆ ಬರುವವರು ಇಲ್ಲಿ ಕೂತಿರುವ ನಾಲ್ಕು ಜನ. ಎಂಟು ಗಂಟೆ ಮುಚ್ಚಿದ್ದರೆ ನಮಗೆ ಗೊತ್ತೂ ಆಗುವುದಿಲ್ಲ. ಆ ಹೊತ್ತಿಗೆ ಮಲಗಿರುತ್ತೇವೆ."

"ಬರೆಯುವುದಾದರೂ ಏನು ಅಂತ ಕೇಳಿ," ಎಂದರು ಪದ್ಮಕ್ಕ.

ಯಾರೂ ಕೇಳಲಿಲ್ಲ. ಇಷ್ಟು ಹಳೆಯ ಸ್ನೇಹದಲ್ಲಿ ಕೆಲವನ್ನು ಕೇಳಬಾರದು.

"ಸರ್ವರ್ ಮುಂಬೈಯಲ್ಲಿ ಇರಬೇಕಾ, ಅಮೆರಿಕದಲ್ಲಿ ಇದ್ದರೂ ನಡೆಯುತ್ತದಾ?" ಎಂದ ಸುಬ್ಬು.

"ಓದುವವರು ಇಲ್ಲೇ ಇದ್ದರೆ ಮುಂಬೈಯೇ ವಾಸಿ ಮಾವ. ಅಮೆರಿಕಕ್ಕೆ ಹೋಗಿ ಬರಲು ಒಂದೊಂದು ಸಲಕ್ಕೂ ಕಾಲು ಸೆಕೆಂಡ್ ಹಿಡಿಯುತ್ತದೆ."

"ಸಾಂಬಾರ್ ಆರುತ್ತದೆ," ಎಂದ ನಾಣಿ. "ಅದಿರಲಿ ಚಿದು, ಒಂದು ಸಂಶಯ. ಬ್ಲಾಗ್ ಪೋಸ್ಟು ಅಂದ್ರೆ ಇಡ್ಲಿ ತಾನೇ? ಒಮ್ಮೆ ಬೇಯಿಸಿ ಇಟ್ಟರೆ ಯಾರು ಬಂದರೂ ಅದನ್ನೇ ಕೊಡುವುದು. ಮತ್ತೆ ಬ್ಲಾಗ್ ನಡೆಸುವ ಈ ವರ್ಡ್‌ಪ್ರೆಸ್ ಯಾಕೆ ಬಂದವರಿಗೆಲ್ಲ ಹೊಸದಾಗಿ ಹಂಚು ಕಾಯಿಸಿ ದೋಸೆ ಹುಯ್ಯುತ್ತದೆ?"

ಚಿದು ಕುರ್ಚಿಯಲ್ಲಿ ಮುಂದೆ ಬಂದ. "ಅದನ್ನೇ ನಾನು ಹೇಳುತ್ತಿರುವುದು! ಸ್ಟಾಟಿಕ್ ಸೈಟ್ ಮಾಡಿ ಮಾವ. ಪುಟಗಳನ್ನು ಮೊದಲೇ ತಯಾರು ಮಾಡಿ ಇಡುವುದು. ಡೇಟಾಬೇಸ್ ಬೇಡ, ಏನೂ ಬೇಡ. ಗಿಟ್‌ಹಬ್‌ನಲ್ಲಿ ಬಿಟ್ಟಿಯಾಗಿ ಇಡಬಹುದು. ಡೊಮೇನ್ ಹೆಸರು, ಅಂದ್ರೆ ಸೈಟಿನ ಅಡ್ರೆಸ್, ಮಾತ್ರ ನಿಮ್ಮದು ಕೊಂಡುಕೊಳ್ಳಿ. ಕಮಾಂಡ್ ಲೈನ್‌ನಲ್ಲಿ ನಾಲ್ಕು ಸಾಲು ಹೊಡೆದರೆ..."

ಕಮಾಂಡ್ ಲೈನ್ ಅಂದ ಕೂಡಲೇ ಸುಬ್ಬುವಿನ ಮುಖ ಆರಿದ ಉಪ್ಪಿಟ್ಟಿನಂತಾಯಿತು. ಬಿಟ್ಟಿ ಸಿಗುವುದನ್ನು ಆರಿಸುವುದಕ್ಕೆ ಎಕ್ಸೆಲ್ ಶೀಟ್ ಯಾಕೆ ಬೇಕು? ಅದೂ ಒಂದು ಸಂಕಟ.

"ಎಲ್ಲಾ ರಿವ್ಯೂಗಳಲ್ಲೂ ಇದೇ ಕಂಪನಿ ಒಂದನೇ ನಂಬರ್," ಎಂದ ಕೊನೆಗೆ. "ನಲವತ್ತು ರಿವ್ಯೂ ಓದಿದ್ದೇನೆ."

"ಅದರಲ್ಲಿ ಬಹಳಷ್ಟು ಕಮಿಷನ್ ಮಾವ. ಅವರ ಲಿಂಕ್ ಒತ್ತಿ ನೀವು ಕೊಂಡರೆ ಬರೆದವರಿಗೆ ದುಡ್ಡು. ಯಾರು ಜಾಸ್ತಿ ಕೊಡುತ್ತಾರೋ ಅವರು ಒಂದನೇ ನಂಬರ್."

"ನಮ್ಮ ಸಂಬಂಧ ತಂದ ಶಾಸ್ತ್ರಿಗಳೂ ಹಾಗೇ," ಎಂದರು ಪದ್ಮಕ್ಕ. "ಹುಡುಗ ತೀರ್ಮಾನ ತಗೊಳ್ಳುವುದರಲ್ಲಿ ಬಹಳ ಚುರುಕು ಅಂದಿದ್ದರು."

ನಾಣಿ ಕೈ ಮುಗಿದ.

ಸುಬ್ಬು ಸ್ಕ್ರೀನ್ ತಿರುಗಿಸಿದ. "ಇಲ್ಲಿ ನೋಡಿ, ಆಫರ್ ಮುಗಿಯಲು ಇನ್ನು 2 ಗಂಟೆ 11 ನಿಮಿಷ." ಕೆಂಪು ಅಂಕಿಗಳು ಓಡುತ್ತಿದ್ದವು. ಏಳು ವಾರದಿಂದ ಓಡುತ್ತಿವೆ. ಪುಟ ಮುಚ್ಚಿ ತೆರೆದರೆ ಮತ್ತೆ 2 ಗಂಟೆ 11 ನಿಮಿಷ.

"ಮಾವ, ಈಗ ಸರ್ವರ್ ಯೋಚನೆಯೇ ಹಳೆಯದು. ಈಗೆಲ್ಲ ಸರ್ವರ್‌ಲೆಸ್. ಅಮೆಜಾನ್‌ನವರು 2014ರಲ್ಲೇ ಶುರುಮಾಡಿದರು. ಸರ್ವರ್ ಬಾಡಿಗೆಗೆ ಹಿಡಿಯುವುದೇ ಬೇಡ. ಎಷ್ಟು ಕೆಲಸ ಆಯಿತೋ ಅಷ್ಟಕ್ಕೆ ದುಡ್ಡು."

ನಾಣಿ ಕಾಫಿ ಲೋಟ ಕೆಳಗಿಟ್ಟ. "ಟೋಕನ್ ತಗೋ, ನೀನೇ ತಟ್ಟೆ ತಗೋ, ನಿಂತುಕೊಂಡು ತಿನ್ನು, ಹೋಗು. ಅಷ್ಟೇ ತಾನೇ? ಅದು ದರ್ಶಿನಿ ಕಣೋ! ನಮ್ಮ ಜಯನಗರದವರು ಎಂಬತ್ತರ ದಶಕದಲ್ಲೇ ಸರ್ವರ್‌ಲೆಸ್ ಮಾಡಿ ಮುಗಿಸಿದ್ದಾರೆ. ಅಮೆಜಾನ್‌ನವರು ಬಂದು ಒಂದು ಖಾಲಿ ದೋಸೆ ತಿಂದು ಹೋಗಿದ್ದರೆ ಮೂವತ್ತು ವರ್ಷ ಉಳಿಯುತ್ತಿತ್ತು."

"ಹೆಸರಿಗೆ ಸರ್ವರ್‌ಲೆಸ್ ಅಂಕಲ್. ಒಳಗೆ ಎಲ್ಲೋ ಸರ್ವರ್ ಇದ್ದೇ ಇರುತ್ತದೆ. ನಮಗೆ ಕಾಣಲ್ಲ, ಅಷ್ಟೆ."

"ದರ್ಶಿನಿಯಲ್ಲೂ ಇರುತ್ತಾರೆ. ಎಂಜಲು ತಟ್ಟೆ ತೆಗೆಯುವವರು. ನಮಗೆ ಕಾಣಲ್ಲ, ಅಷ್ಟೆ."

ಇದಕ್ಕೆ ಯಾರೂ ನಗಲಿಲ್ಲ. ಯುಗಾದಿ ಕಳೆದ ಮೇಲೆ ಈ ಹೋಟೆಲೂ ಸೆಲ್ಫ್ ಸರ್ವಿಸ್ ಆಗುತ್ತದಂತೆ ಎಂಬ ಸುದ್ದಿ ನಮ್ಮೆಲ್ಲರ ಕಿವಿಗೂ ಬಿದ್ದಿತ್ತು. ಕಲ್ಲಿನ ಟೇಬಲ್ಲುಗಳ ಅಳತೆ ತೆಗೆದುಕೊಂಡು ಹೋಗಿದ್ದಾರಂತೆ.

ಪದ್ಮಕ್ಕ ಮಾತು ಬದಲಿಸಿದರು. "ಎಲ್ಲಾ ಕ್ಲೌಡಿನಲ್ಲೇ ಇರುತ್ತದೆ, ಏನೂ ಆಗಲ್ಲ ಅನ್ನುತ್ತಾರಲ್ಲ?"

"ಯಾಕೆ ಆಗಲ್ಲ ಅತ್ತೆ? ಫ್ರಾನ್ಸಿನಲ್ಲಿ ಓವಿಎಚ್ ಅಂತ ದೊಡ್ಡ ಹೋಸ್ಟಿಂಗ್ ಕಂಪನಿ ಇದೆ. 2021ರ ಮಾರ್ಚ್ 10, ಸ್ಟ್ರಾಸ್‌ಬರ್ಗ್‌ನಲ್ಲಿ ಅವರ ಐದು ಮಹಡಿಯ ಡೇಟಾ ಸೆಂಟರ್ ರಾತ್ರೋರಾತ್ರಿ ಸುಟ್ಟುಹೋಯಿತು. ಲಕ್ಷಗಟ್ಟಲೆ ಸೈಟು ಬಂದ್. ಕೆಲವರ ಬ್ಯಾಕಪ್ ಇದ್ದದ್ದೂ ಅದೇ ಜಾಗದಲ್ಲಿ."

"ಮೋಡಕ್ಕೆ ಬೆಂಕಿ!" ಎಂದ ನಾಣಿ. "ಬೀರುವಿನ ಕೀ ಕಳೆದೀತು ಅಂತ ಇನ್ನೊಂದು ಕೀ ಮಾಡಿಸಿ, ಅದನ್ನೂ ಬೀರುವಿನ ಒಳಗೇ ಇಟ್ಟ ಹಾಗೆ."

"ಬ್ಯಾಕಪ್ ಅಂದ್ರೆ ರಾಘು," ಎಂದೆ ನಾನು. ಬಾಯಿಗೆ ಬಂದುಬಿಟ್ಟಿತು.

ರಾಘು 2007ರಿಂದ ಬರೆಯುತ್ತಿದ್ದ. ನಮ್ಮಲ್ಲಿ ನಿಜವಾಗಿ ಬರೆಯುತ್ತಿದ್ದವನು ಅವನೊಬ್ಬನೇ. ಹೋಸ್ಟಿಂಗ್ ಕಂಪನಿ ಯಾವುದು ಅಂತ ಕೇಳಿದರೆ "ಯಾವುದೋ ಒಂದು" ಅನ್ನುತ್ತಿದ್ದ. ಒಮ್ಮೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಬದಲಾಯಿಸುವಾಗ ಡೇಟಾಬೇಸಿಗೆ ಕನ್ನಡ ಅರ್ಥವಾಗದೆ ಅಷ್ಟೂ ಬರಹ ಪ್ರಶ್ನಾರ್ಥಕ ಚಿಹ್ನೆ ಆಗಿಬಿಟ್ಟಿತು. ಸಾಲುಸಾಲು ಪ್ರಶ್ನೆ. ಪುಟಗಟ್ಟಲೆ. "ನನ್ನ ಬರವಣಿಗೆಯನ್ನು ಪ್ರಶ್ನಿಸಿದ ಮೊದಲ ಓದುಗ" ಅಂತ ಅದರ ಮೇಲೂ ಒಂದು ಪೋಸ್ಟು ಹಾಕಿದ. ಆಮೇಲೆ ಆರು ತಿಂಗಳು ಕೂತು ಹಳೆಯ ನೋಟ್‌ಬುಕ್ ನೋಡಿಕೊಂಡು ಎಲ್ಲವನ್ನೂ ಮತ್ತೆ ಟೈಪ್ ಮಾಡಿದ.

"ಮೊನ್ನೆ ಅವನ ಅಡ್ರೆಸ್ ಹೊಡೆದು ನೋಡಿದೆ," ಎಂದ ನಾಣಿ. "ರಮ್ಮಿ ಆಡಿ ಲಕ್ಷ ಗೆಲ್ಲಿ ಅಂತ ಬಂತು."

"ಡೊಮೇನ್ ರಿನ್ಯೂ ಆಗಿರಲ್ಲ," ಎಂದ ಚಿದು, ದನಿ ತಗ್ಗಿಸಿ. "ಅವಧಿ ಮುಗಿದ ಮೇಲೂ ಸ್ವಲ್ಪ ದಿನ ಕಾಯುತ್ತಾರೆ. ಆಮೇಲೆ ದಂಡ ಕಟ್ಟಿ ಬಿಡಿಸಿಕೊಳ್ಳಲು ಮೂವತ್ತು ದಿನ. ಆಮೇಲೆ ಐದು ದಿನ. ಅದೂ ಕಳೆದರೆ ಯಾರು ಬೇಕಾದರೂ ಕೊಳ್ಳಬಹುದು. ಹಳೆಯ ಹೆಸರಿಗೆ ಬೆಲೆ ಇರುತ್ತದೆ."

ರಿಮೈಂಡರುಗಳು ಬಂದೇ ಬಂದಿರುತ್ತವೆ. ಅವನ ಮೇಲಿಗೆ. ಇತ್ತ ನಾವು ಅವನ ಮಾಸಿಕಕ್ಕೆ ಹೋಗಿ ಹೋಳಿಗೆ ತಿಂದು ಬಂದಿದ್ದೆವು. ಪಾಸ್‌ವರ್ಡ್ ಯಾರ ಹತ್ತಿರ ಇದೆ ಅಂತ ನಮಗೆ ಯಾರಿಗೂ ಹೊಳೆಯಲಿಲ್ಲ. ಹಳೆಯ ವೆಬ್ ಪುಟಗಳನ್ನು ಉಳಿಸಿಡುವ ವೇಬ್ಯಾಕ್ ಮಷೀನ್‌ನಲ್ಲಿ ಹುಡುಕಿದಾಗ ನಾಲ್ಕು ಪುಟ ಸಿಕ್ಕಿತ್ತು ನನಗೆ. ಒಂದರಲ್ಲಿ ನಮ್ಮ ಜಗಳ ಇದೆ, ಕಾಮೆಂಟುಗಳಲ್ಲಿ. ಇನ್ನೊಂದರಲ್ಲಿ ಈ ಹೋಟೆಲಿನ ವಡೆಯ ಬಗ್ಗೆ ಬರೆದಿದ್ದಾನೆ. ಫೋಟೋ ಬರಲಿಲ್ಲ, ಫೋಟೋ ಇದ್ದ ಜಾಗದ ಖಾಲಿ ಚೌಕ ಮಾತ್ರ ಬಂತು.

ಶೀನಣ್ಣ ತಟ್ಟೆ ತೆಗೆಯಲು ಬಂದರು.

"ಶೀನಣ್ಣ, ನಮ್ಮ ರಾಘು ಏನು ತಗೊಳ್ಳುತ್ತಿದ್ದ?" ಎಂದ ನಾಣಿ.

ಶೀನಣ್ಣ ಯೋಚಿಸಲೂ ಇಲ್ಲ. "ಎರಡು ಇಡ್ಲಿ. ವಡೆ ಬೇರೆ ತಟ್ಟೆಯಲ್ಲಿ, ಸಾಂಬಾರ್ ತಾಗಬಾರದು. ಕಾಫಿ ಬೈಟು, ಜಾಸ್ತಿ ಇರುವ ಲೋಟ ಅವರಿಗೆ. ಕೊನೆಯ ಸಲ ಬಂದಾಗ ಪರ್ಸು ಮರೆತಿದ್ದರು, 62 ರೂಪಾಯಿ ಬಾಕಿ. ಎಂತಕ್ಕೆ ಕೇಳಿದ್ರಿ?"

"ಏನಿಲ್ಲ," ಎಂದ ನಾಣಿ. "ಬ್ಯಾಕಪ್ ಇದೆಯಾ ನೋಡಿದೆ."

ಪದ್ಮಕ್ಕ ಪರ್ಸು ತೆರೆದರು. "ಆ 62 ರೂಪಾಯಿ ನಮ್ಮ ಬಿಲ್ಲಿಗೆ ಸೇರಿಸಿಬಿಡಿ ಶೀನಣ್ಣ."

"ಬೇಡ ಅಮ್ಮ. ಅದು ಅವರ ಲೆಕ್ಕ, ಇರ್ಲಿ," ಎಂದು ಐದು ಲೋಟವನ್ನೂ ಒಂದೇ ಕೈಯಲ್ಲಿ ಎತ್ತಿಕೊಂಡು ಹೋದರು.

ಸುಬ್ಬುವಿನ ಸ್ಕ್ರೀನಿನಲ್ಲಿ 2 ಗಂಟೆ 11 ನಿಮಿಷ ಬಾಕಿ ಇತ್ತು.