ಪದಚರ್ಚೆ: ಔಷಧದ ‘ಸ್ಯಾಂಪಲ್’ಗೆ ಏನು ಬರೆಯೋಣ? ಶುಕ್ರವಾರ ಅಚ್ಚಿಗೆ ಹೋಗಬೇಕು

ಶಾ. ಹಿ., ಹುಬ್ಬಳ್ಳಿ

ಎಲ್ಲರಿಗೂ ನಮಸ್ಕಾರ. ಡಿಸೆಂಬರ್ 24ರ ಗ್ರಾಹಕರ ದಿನಕ್ಕೆ ನಮ್ಮ ಬಳಗ ಒಂದು ಕರಪತ್ರ ತರುತ್ತಿದೆ. ಶುಕ್ರವಾರ ಗದಗಿನ ಪ್ರೆಸ್ಸಿಗೆ ಕೊಡಬೇಕು. ಕರಡು ಲಗತ್ತಿಸಿದ್ದೇನೆ. ಎರಡು ಪದ ಇನ್ನೂ ಕೂತಿಲ್ಲ.

ಕಂಪನಿಗಳು ಡಾಕ್ಟರಿಗೆ ಪುಕ್ಕಟೆ ಕೊಡುವ ಗುಳಿಗೆಗಳ ಮೇಲೆ ‘ಫಿಜಿಷಿಯನ್ಸ್ ಸ್ಯಾಂಪಲ್, ನಾಟ್ ಟು ಬಿ ಸೋಲ್ಡ್’ ಎಂದು ಅಚ್ಚಾಗಿರಬೇಕು, ಅದು ನಿಯಮ. ಆದರೆ ಇಂಗ್ಲಿಷ್ ಬಾರದವರಿಗೆ ಅದನ್ನೇ ದುಡ್ಡಿಗೆ ಕೊಟ್ಟರೂ ಗೊತ್ತಾಗುವುದಿಲ್ಲ. ನಾನು ‘ವೈದ್ಯರ ಮಾದರಿ, ಮಾರಾಟಕ್ಕಲ್ಲ’ ಎಂದು ಬರೆದೆ. ಓದಿದವರೊಬ್ಬರು, “ಮಾದರಿ ಅಂದ್ರೆ ಒಳ್ಳೇದಲ್ವಾ?” ಎಂದು ಕೇಳಿದರು. ಮಾದರಿ ಶಾಲೆ, ಮಾದರಿ ರೈತ ಅನ್ನುತ್ತೇವಲ್ಲ.

ಇನ್ನೊಂದು ‘ಫ್ರೀಬೀಸ್’, ಅಂದರೆ ಕಂಪನಿಗಳು ಡಾಕ್ಟರಿಗೆ ಪುಕ್ಕಟೆ ಕೊಡುವ ಉಡುಗೊರೆಗಳು. ಡಾಕ್ಟರಿಗೆ ಕೊಟ್ಟ ಫ್ರೀಬೀಸ್ ಖರ್ಚನ್ನು ಕಂಪನಿಗಳು ಆದಾಯ ತೆರಿಗೆಯ ಲೆಕ್ಕದಲ್ಲಿ ಕಳೆಯುವಂತಿಲ್ಲ ಎಂದು 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2024ರ ಮಾರ್ಚ್ 12ರ ಕೇಂದ್ರದ ಮಾರುಕಟ್ಟೆ ಸಂಹಿತೆಯೂ (ಔಷಧಿ ಕಂಪನಿಗಳ ಪ್ರಚಾರಕ್ಕೆ ಹಾಕಿದ ಕಟ್ಟುಪಾಡು) ಡಾಕ್ಟರಿಗಾಗಲಿ ಮನೆಯವರಿಗಾಗಲಿ ಉಡುಗೊರೆ ಕೂಡದು ಅನ್ನುತ್ತದೆ. ‘ಉಚಿತ ಕೊಡುಗೆ’ ಎಂದು ಬರೆಯಲು ನನಗೆ ಮನಸ್ಸಿಲ್ಲ. ಆ ಖರ್ಚು ಕೊನೆಗೆ ಔಷಧಿಯ ಬೆಲೆಯಲ್ಲೇ ಸೇರುತ್ತದೆ, ತೆರುವವನು ರೋಗಿ.

ವಿ. ಜೋ., ಧಾರವಾಡ

ಮೊದಲು ಕರಡಿನ ‘ಔಷಧಿ’ ತೆಗೆಯಿರಿ. ಓಷಧಿ ಎಂದರೆ ಗಿಡಮೂಲಿಕೆ. ಅದರಿಂದ ಆದದ್ದು ಔಷಧ. ‘ಔಷಧಿ’ ಎರಡೂ ಅಲ್ಲ. ‘ಉಚಿತ’ವನ್ನು ಪುಕ್ಕಟೆ ಎಂಬ ಅರ್ಥದಲ್ಲಿ ಬಳಸುವುದೂ ತಪ್ಪು. ಉಚಿತ ಎಂದರೆ ತಕ್ಕದ್ದು. ಸಮಯೋಚಿತ, ಅನುಚಿತ ಅನ್ನುವಾಗ ನೆನಪಿರುತ್ತದೆ, ಬಸ್ಸಿನ ಟಿಕೇಟಿಗೆ ಬಂದಾಗ ಮರೆಯುತ್ತದೆ. ‘ಮಾದರಿ’ ಇರಲಿ. ರಕ್ತದ ಮಾದರಿ, ಮಣ್ಣಿನ ಮಾದರಿ ಯಾರಿಗೆ ತಿಳಿಯದು?

ಬ. ಹಾ., ಹಾವೇರಿ

ಔಷಧವೂ ಬೇಡ, ಔಷಧಿಯೂ ಬೇಡ. ‘ಮದ್ದು’ ಇದೆ. ಹಳಗನ್ನಡದಲ್ಲಿ ಮರ್ದು, ತಮಿಳಿನಲ್ಲಿ ಮರುಂದು, ತೆಲುಗಿನಲ್ಲಿ ಮಂದು. ‘ಮಾರಬಾರದ ಮದ್ದು’ ಎಂದು ಬರೆಯಿರಿ. ಫ್ರೀಬೀಸಿಗೆ ‘ಬಿಟ್ಟಿ’.

ವಿ. ಜೋ., ಧಾರವಾಡ

ಬಿಟ್ಟಿಯ ಮೂಲ ಸಂಸ್ಕೃತದ ‘ವಿಷ್ಟಿ’. ಕೂಲಿಯಿಲ್ಲದ ದುಡಿಮೆ. ನೋಡಿ ಬರೆಯಬೇಕು.

ಮ. ಪಾ., ಹುಬ್ಬಳ್ಳಿ

ನಾನು ಔಷಧ ಅಂಗಡಿಯವನು. ಕೌಂಟರಿನ ಮಾತು ಹೇಳುತ್ತೇನೆ.

‘ಮದ್ದು’ ಬೇಡವೇ ಬೇಡ ಸರ್. ‘ಯಾರೋ ಮದ್ದು ಹಾಕಿದರು’ ಎಂದರೆ ಜನ ಏನು ತಿಳಿಯುತ್ತಾರೆ ನಿಮಗೂ ಗೊತ್ತು. ಜನ ಬಂದು ಕೇಳುವುದು ಗುಳಿಗೆ. ಡಾಕ್ಟರು, ಎಂ.ಆರ್.ಗಳು (ಕಂಪನಿಯ ಪ್ರತಿನಿಧಿಗಳು), ನಾವು, ಗಿರಾಕಿ, ಎಲ್ಲರೂ ಅನ್ನುವುದು ಸ್ಯಾಂಪಲ್. ಅದನ್ನೇ ಬರೆಯಿರಿ. 2024ರ ಸಂಹಿತೆಯ ಪ್ರಕಾರ ಒಂದು ಸ್ಯಾಂಪಲ್ ಪ್ಯಾಕಿನಲ್ಲಿ ಮೂರು ರೋಗಿಗಳಿಗೆ ಸಾಕಾಗುವುದಕ್ಕಿಂತ ಜಾಸ್ತಿ ಇರುವಂತಿಲ್ಲ. ಒಬ್ಬ ಡಾಕ್ಟರಿಗೆ ಒಂದು ಔಷಧದ 12 ಪ್ಯಾಕ್, ವರ್ಷಕ್ಕೆ ಅಷ್ಟೇ. ಇದೂ ಕರಪತ್ರದಲ್ಲಿ ಬರಲಿ.

‘ಬಿಟ್ಟಿ’ಯೂ ಒಪ್ಪುವುದಿಲ್ಲ. ಸುಮ್ನೆ ಯಾರೂ ಕೊಡುವುದಿಲ್ಲ, ಚೀಟಿಯಲ್ಲಿ ತಮ್ಮ ಬ್ರ್ಯಾಂಡ್ ಬರೆಯಲಿ ಎಂದೇ ಕೊಡುವುದು. ಅದಕ್ಕೆ ‘ಆಮಿಷ’ ಸರಿ.

ಅಕ್ಕಾರೆ, ಇನ್ನೊಂದು ತಿದ್ದಲೇಬೇಕು. ಕರಡಿನಲ್ಲಿ ಎರಡು ಕಡೆ ‘2024ರ ಕಾಯ್ದೆ’ ಎಂದಿದೆ. ಅದು ಕಾಯ್ದೆಯಲ್ಲ, ಸಂಹಿತೆ. ಅದನ್ನು ಮುರಿದರೆ ದೂರು ಹೋಗುವುದು ಕಂಪನಿಗಳ ಸಂಘದ್ದೇ ಸಮಿತಿಗೆ. ದಂಡ, ಜೈಲು ಅದರಲ್ಲಿಲ್ಲ. ಕಾಯ್ದೆ ಎಂದು ಬರೆದರೆ ಜನ ಪೊಲೀಸ್ ಠಾಣೆಗೆ ಹೋಗಿ ಬರಿಗೈಲಿ ಬರುತ್ತಾರೆ. ಸ್ಯಾಂಪಲ್ ಮಾರುವುದು ಬೇರೆ ವಿಷಯ. ಅದು 1940ರ ಔಷಧ ಕಾಯ್ದೆಯ ಕೆಳಗಿನ ನಿಯಮಕ್ಕೆ ಬರುತ್ತದೆ. ಅದಕ್ಕೆ ಡ್ರಗ್ ಇನ್‌ಸ್ಪೆಕ್ಟರಿಗೆ ದೂರು ಕೊಡಬಹುದು.

ಬ. ಹಾ., ಹಾವೇರಿ

ಆಮಿಷವೂ ಸಂಸ್ಕೃತವೇ. ಅಲ್ಲಿಂದ ತಂದರೆ ಶುದ್ಧ, ಇಂಗ್ಲಿಷಿನಿಂದ ತಂದರೆ ಕಲಬೆರಕೆ, ಇದ್ಯಾವ ನ್ಯಾಯ? ಕನ್ನಡದಲ್ಲಿ ಬೇರು ಇರುವಾಗ ಎರಡೂ ಕಡೆಯಿಂದ ಸಾಲ ಬೇಡ ಎಂಬುದೇ ನನ್ನ ಮಾತು.

ವಿ. ಜೋ., ಧಾರವಾಡ

ಆಮಿಷ ಎಂದರೆ ಮಾಂಸ, ಗಾಳಕ್ಕೆ ಸಿಕ್ಕಿಸುವ ಮಾಂಸ. ಇದಕ್ಕಿಂತ ಸರಿಯಾದ ಪದ ಸಿಗದು. ಸ್ಯಾಂಪಲ್ ಮಾತ್ರ ಒಪ್ಪಲಾರೆ. ‘ನಮೂನೆ’ ಎನ್ನಿ.

ಮ. ಪಾ., ಹುಬ್ಬಳ್ಳಿ

ನಮೂನೆ ಪಾರಸಿ ಸರ್. ನಮ್ಮ ಹಿರಿಯರು ಹೋಗಿದ್ದು ದವಾಖಾನೆಗೆ. ದವಾ ಅರಬ್ಬಿ, ಖಾನೆ ಪಾರಸಿ. ಅದು ಕನ್ನಡ ಆಗಲಿಲ್ವಾ? ಸ್ಯಾಂಪಲ್ಲಿಗೂ ಅದೇ ಬಾಗಿಲು ತೆರೆಯಿರಿ.

ಶಾ. ಹಿ., ಹುಬ್ಬಳ್ಳಿ

‘ಕಾಯ್ದೆ’ ತೆಗೆದೆ. ಅದು ಅಚ್ಚಾಗಿದ್ದರೆ ಜನರಿಗೆ ಅನ್ಯಾಯವಾಗುತ್ತಿತ್ತು. ಆಮಿಷ ಇಟ್ಟೆ. ಗುಳಿಗೆಗೆ ಹೀಗೆ: ‘ಇದು ಕಂಪನಿ ಡಾಕ್ಟರಿಗೆ ಕೊಟ್ಟ ಸ್ಯಾಂಪಲ್. ಇದನ್ನು ಮಾರುವಂತಿಲ್ಲ. ದುಡ್ಡು ಕೇಳಿದರೆ ಕೊಡಬೇಡಿ.’ ‘ಔಷಧಿ’ ಹಾಗೇ ಇರುತ್ತದೆ ಸರ್, ಕ್ಷಮಿಸಿ. ಓದುವವರ ಬಾಯಲ್ಲಿ ಅದೇ ಇದೆ.

ಒಂದು ಉಳಿಯಿತು. ಯಾವ ಔಷಧಕ್ಕೂ ಷರತ್ತಿಲ್ಲದೆ ‘ಸೇಫ್’ ಎನ್ನಬಾರದು ಎಂದೂ ಸಂಹಿತೆಯಲ್ಲಿದೆ. ಅದಕ್ಕೆ ‘ಸುರಕ್ಷಿತ’ ಸಾಕಾ?

ವಿ. ಜೋ., ಧಾರವಾಡ

ಸಾಲದು. ಸುರಕ್ಷಿತ ಎಂದರೆ ಚೆನ್ನಾಗಿ ಕಾಪಾಡಿದ್ದು, ಬೀರುವಿನಲ್ಲಿಟ್ಟ ಗುಳಿಗೆಯೂ ಸುರಕ್ಷಿತವೇ. ‘ಅಪಾಯವಿಲ್ಲ’ ಎಂದು ಬರೆಯಿರಿ.