ನಿರ್ಮಲಾ, ಆ ಫಾರ್ಮನ್ನು ಪ್ರಕಾಶ ತುಂಬುವುದು ಬೇಡ

ನಿರ್ಮಲಾ, ನಿನ್ನ ಸಂದೇಶವನ್ನು ಬೆಳಿಗ್ಗೆ ಮೊಮ್ಮಗಳು ಓದಿ ಹೇಳಿದಳು. ನನಗೆ ಮೊಬೈಲಿನಲ್ಲಿ ಅಷ್ಟುದ್ದ ಬರೆಯಲು ಬರುವುದಿಲ್ಲ, ಅದಕ್ಕೆ ಮಾತಾಡಿ ಕಳಿಸುತ್ತಿದ್ದೇನೆ. ಉದ್ದವಾದರೂ ಪೂರ್ತಿ ಕೇಳು. ಗುಂಪಿನಲ್ಲಿರುವ ಉಳಿದವರೂ ಕೇಳಿ, ಮುಖ್ಯವಾಗಿ ಗಂಡಸರು.

ನೀನು ಕೇಳಿದ್ದು ಇಷ್ಟು. ಜಠರದ ಕ್ಯಾನ್ಸರಿಗೆ ಆಪರೇಷನ್ ಆಗಿರುವ ಬಸುವಿಗೆ ಆಸ್ಪತ್ರೆಯವರು ಮೂವತ್ತು ಪ್ರಶ್ನೆಗಳ ಫಾರ್ಮು ಕೊಟ್ಟಿದ್ದಾರೆ, ಬುಧವಾರ ಕೀಮೋಗೆ ಬರುವಾಗ ತುಂಬಿಕೊಂಡು ಬನ್ನಿ ಎಂದಿದ್ದಾರೆ. ಅವನ ಮಗ ಪ್ರಕಾಶ ತಾನೇ ಪೆನ್ನು ಹಿಡಿದು ಎಲ್ಲದಕ್ಕೂ 'ಇಲ್ಲವೇ ಇಲ್ಲ' ಎಂದು ಗುರುತು ಹಾಕುತ್ತಿದ್ದಾನೆ. ತೊಂದರೆ ಇದೆ ಎಂದು ಬರೆದರೆ ಔಷಧ ನಿಲ್ಲಿಸಿಬಿಡುತ್ತಾರೆ ಎಂಬ ಹೆದರಿಕೆ ಅವನಿಗೆ. ಇತ್ತ ಬಸು ಊಟವಾದ ಅರ್ಧ ಗಂಟೆಯೊಳಗೆ ಬೆವರಿ, ಎದೆ ಹೊಡೆದುಕೊಂಡು, ಕಣ್ಣು ಕತ್ತಲೆ ಬಂದು ಮಲಗಿಬಿಡುತ್ತಾನೆ. ಫಾರ್ಮಿನಲ್ಲಿ ಅದೂ 'ಇಲ್ಲ' ಎಂದೇ ಹೋಗುತ್ತಿದೆ, ಏನು ಮಾಡಲಿ ಅತ್ತೆ ಎಂದು ಕೇಳಿದ್ದೀಯ.

ಮೊದಲು ಒಂದು ಮಾತು ಕೇಳು. ಬಸುವಿನ ಉತ್ತರ ಬಸುವಿನ ಬಾಯಿಯಿಂದಲೇ ಬರಬೇಕು. ಮಗನಾಗಲಿ, ಅಳಿಯನಾಗಲಿ, ಯಾರೂ ಅವನ ಪರವಾಗಿ 'ಆರಾಮ' ಎಂದು ಹೇಳಬಾರದು. ನಾನು ಸುಮ್ಮನೆ ಹೇಳುತ್ತಿಲ್ಲ, ನಮ್ಮ ಮನೆಯವರಿಗೆ ಆದದ್ದನ್ನು ಕಣ್ಣಾರೆ ಕಂಡವಳು ನಾನು.

ಅವರ ಕೆಲಸ ಏನೆಂದು ನಿಮಗೆ ಹೇಳಬೇಕಾಗಿಲ್ಲ. ಬೆಟಗೇರಿಯ ನಮ್ಮ ಓಣಿಯಲ್ಲಿ ಅವರ ಮಗ್ಗದ ಸದ್ದು ಕೇಳದೆ ನೀವು ಯಾರೂ ಬೆಳೆದಿಲ್ಲ. ದೊಡ್ಡ ಕರುಳಿನ ಗಂಟು, ಆಪರೇಷನ್, ಆಮೇಲೆ ಕೀಮೋ, ಎಲ್ಲವೂ ನಿಮಗೆ ಗೊತ್ತಿದ್ದದ್ದೇ. ಈಗ ಬಸುವಿಗೆ ಡ್ರಿಪ್‌ನಲ್ಲಿ ಕೊಡುತ್ತಾರಲ್ಲ ಆಕ್ಸಾಲಿಪ್ಲಾಟಿನ್, ಅದೇ ಔಷಧ ಅವರಿಗೂ ಇತ್ತು. ಡ್ರಿಪ್ ಹಾಕಿಸಿಕೊಂಡು ಬಂದ ಮೇಲೆ ಕೆಲವು ದಿನ ತಣ್ಣೀರಿನ ಲೋಟ ಮುಟ್ಟಿದರೆ ಬೆರಳು ಜುಮ್ಮೆನ್ನುತ್ತಿತ್ತು, ತಣ್ಣಗಿನದು ಕುಡಿದರೆ ಗಂಟಲು ಬಿಗಿಯುತ್ತಿತ್ತು. ಮೊದಮೊದಲು ಅದು ತಾನಾಗಿ ಇಳಿಯುತ್ತಿತ್ತು. ಬರಬರುತ್ತ ಇಳಿಯುವುದನ್ನೇ ಬಿಟ್ಟಿತು.

ಒಂದು ದಿನ ನಾನು ಹಿತ್ತಲಿನಿಂದ ಒಳಗೆ ಬಂದಾಗ ಅವರು ಮಗ್ಗದ ಮುಂದೆ ಕುಳಿತಿದ್ದರು. ಉದ್ದಕ್ಕೆ ಹಾಸಿದ ನೂಲಿನ ಒಂದು ಎಳೆ ಹರಿದಿತ್ತು. ಹರಿದ ಎಳೆಗೆ ಗಂಟು ಹಾಕುವುದೆಂದರೆ ಅವರು ಮಾತಾಡುತ್ತಲೇ, ಬೇರೆ ಎಲ್ಲೋ ನೋಡುತ್ತಲೇ ಮಾಡುತ್ತಿದ್ದ ಕೆಲಸ. ಅಂದು ಎರಡೂ ತುದಿಗಳನ್ನು ಹಿಡಿದಿದ್ದಾರೆ, ಎಳೆ ಜಾರುತ್ತಿದೆ, ಮತ್ತೆ ಹಿಡಿಯುತ್ತಾರೆ, ಮತ್ತೆ ಜಾರುತ್ತಿದೆ. ಬೆರಳ ಸಂದಿಯಲ್ಲಿ ಎಳೆ ಇದೆಯೋ ಇಲ್ಲವೋ ಎಂದು ಬಗ್ಗಿ ಕಣ್ಣಿನಿಂದ ನೋಡಿಕೊಳ್ಳುತ್ತಿದ್ದರು. ಚರ್ಮಕ್ಕೆ ಗೊತ್ತಾಗುತ್ತಿರಲಿಲ್ಲ. ಕೊನೆಗೆ ಟವೆಲ್ಲನ್ನು ಮಗ್ಗದ ಮೇಲೆ ಹಾಕಿ ಎದ್ದು ಕಟ್ಟೆಗೆ ಹೋಗಿ ಕುಳಿತರು. ಏನಾಯಿತು ಎಂದರೆ 'ಸುಸ್ತು' ಎಂದರು. ಅಂಗಿಯ ಗುಂಡಿಯನ್ನು ಆಗಲೇ ನಾನು ಹಾಕಿಕೊಡುತ್ತಿದ್ದೆ.

ಮುಂದಿನ ಸಲ ಆಸ್ಪತ್ರೆಗೆ ಹೊರಟಾಗ ಅವರ ಅಣ್ಣನ ಮಗನಿಗೆ ಬಾಗಿಲಲ್ಲೇ ನಿಲ್ಲಿಸಿ ಹೇಳಿದೆ: ಬೆರಳು ಜೋಮು ಹಿಡಿದಿವೆ, ಡಾಕ್ಟರಿಗೆ ಇದನ್ನು ಹೇಳು. ಆಗಲಿ ಕಾಕು ಎಂದ. ಒಳಗೆ ಡಾಕ್ಟರು 'ಹೇಗಿದ್ದಾರೆ' ಎಂದು ಕೇಳಿದ್ದಾರೆ. ಇವನು 'ಎಲ್ಲಾ ಆರಾಮ ಸರ್, ಮುಂದುವರಿಸಿ' ಎಂದಿದ್ದಾನೆ. ನಮ್ಮವರು ದೊಡ್ಡವರ ಮಧ್ಯೆ ಮಾತಾಡಿ ಅಭ್ಯಾಸವಿಲ್ಲದ ಮನುಷ್ಯ, ತಲೆ ಆಡಿಸಿದ್ದಾರೆ. ವಾಪಸು ಬರುವಾಗ ಬಸ್ಸಿನಲ್ಲಿ, ಅಣ್ಣಿಗೇರಿ ದಾಟಿದ ಮೇಲೆ, ನನ್ನ ಕಡೆ ಬಗ್ಗಿ 'ಬೆರಳಿನ ವಿಷಯ ಬರಲೇ ಇಲ್ಲ' ಎಂದರು. ಹಾಗೆಯೇ ಇನ್ನಷ್ಟು ಡ್ರಿಪ್‌ಗಳು ನಡೆದುಹೋದವು.

ಕೊನೆಗೆ ಕಂಡುಹಿಡಿದವಳು ಡ್ಯೂಟಿಯಲ್ಲಿದ್ದ ಒಬ್ಬ ಹುಡುಗಿ ಡಾಕ್ಟರು. ರಕ್ತದೊತ್ತಡ ನೋಡಲು ಅಂಗಿಯ ತೋಳು ಮಡಚಿ ಎಂದಾಗ ಅವರ ಕೈ ತೋಳಿನ ಗುಂಡಿಯ ಹತ್ತಿರ ತಡಕಾಡಿದ್ದನ್ನು ಅವಳು ನೋಡಿದಳು. ಕಣ್ಣು ಮುಚ್ಚಿಸಿ ಅಂಗೈಯಲ್ಲಿ ನಾಣ್ಯ ಇಟ್ಟು ಬೆರಳಿನಿಂದ ಮುಟ್ಟಿ ಏನೆಂದು ಹೇಳಿ ಎಂದಳು. ಹೇಳಲಾಗಲಿಲ್ಲ. ಅವತ್ತೇ ಆ ಔಷಧ ನಿಂತಿತು. ಮೊದಲೇ ಗೊತ್ತಾಗಿದ್ದರೆ ಪ್ರಮಾಣ ಇಳಿಸಬಹುದಿತ್ತು, ಇಲ್ಲವೇ ಅದೊಂದನ್ನು ಬಿಟ್ಟು ಉಳಿದ ಔಷಧವನ್ನು ಮುಂದುವರಿಸಬಹುದಿತ್ತು ಎಂದಳು. ನಿಲ್ಲಿಸಿದ ಮೇಲೂ ಕೆಲವು ತಿಂಗಳು ಜೋಮು ಏರುತ್ತಲೇ ಹೋಯಿತು, ಆ ಔಷಧದ ಗುಣವೇ ಅದು. ಬಹಳ ಜನರಿಗೆ ನಿಧಾನವಾಗಿ ಕಡಿಮೆಯಾಗುತ್ತದೆ. ಇವರಿಗೆ ಆಗಲಿಲ್ಲ. ರೋಗ ಮರಳಿ ಬರಲಿಲ್ಲ, ಸ್ಕ್ಯಾನ್ ಮಾಡಿಸಿದಾಗಲೆಲ್ಲ ಏನೂ ಇಲ್ಲ ಎಂದೇ ಬಂತು. ಮಗ್ಗ ಮಾತ್ರ ಮತ್ತೆ ನಡೆಯಲಿಲ್ಲ. ಬಂದವರೆಲ್ಲ ಗೆದ್ದು ಬಂದಿರಿ ಎನ್ನುತ್ತಿದ್ದರು. ಅವರು ಕಟ್ಟೆಯ ಮೇಲೆ ಕುಳಿತು ಕೇಳಿಸಿಕೊಳ್ಳುತ್ತಿದ್ದರು, ಉತ್ತರ ಕೊಡುತ್ತಿರಲಿಲ್ಲ.

ಆದ್ದರಿಂದ ಪ್ರಕಾಶ, ನೀನು ಕೇಳುತ್ತಿದ್ದರೆ ಮತ್ತೊಮ್ಮೆ ಹೇಳುತ್ತೇನೆ. ನಿನ್ನ ಅಪ್ಪನ ಪರವಾಗಿ 'ಆರಾಮ' ಎಂದು ಬರೆಯಬೇಡ. ನಿನಗೆ ಅಪ್ಪನ ಮೇಲೆ ಎಷ್ಟು ಪ್ರೀತಿ ಇದೆ ಎಂದು ನನಗೆ ಗೊತ್ತು. ಪ್ರೀತಿ ಇರುವವರೇ ಹೀಗೆ ಮಾಡುತ್ತಾರೆ. ಆದರೆ ಡಾಕ್ಟರಿಗೆ ಕಾಣುವುದು ರಕ್ತದ ವರದಿ ಮತ್ತು ಸ್ಕ್ಯಾನು ಮಾತ್ರ. ರಾತ್ರಿ ಅವನು ಎಷ್ಟು ಸಲ ಎದ್ದ, ಎರಡು ತುತ್ತಿಗೆ ಹೊಟ್ಟೆ ಬಿಗಿಯಿತೇ, ಇವು ಯಾವ ವರದಿಯಲ್ಲಿಯೂ ಬರುವುದಿಲ್ಲ. ಅದಕ್ಕಾಗಿಯೇ ಆ ಫಾರ್ಮು ಇರುವುದು.

ಇನ್ನೊಂದು ಸಂಕಟವಿದೆ, ಅದನ್ನೂ ಹೇಳಿಬಿಡುತ್ತೇನೆ. ಅಷ್ಟು ತಿಂಗಳು ಆಸ್ಪತ್ರೆಗೆ ಓಡಾಡಿದೆವಲ್ಲ, ಡಾಕ್ಟರ ಕೋಣೆಯೊಳಗೆ ಒಂದು ಸಲವಾದರೂ ನನ್ನನ್ನು ಕರೆದುಕೊಂಡು ಹೋದವರಿಲ್ಲ. ಇಬ್ಬರಿಗಿಂತ ಹೆಚ್ಚು ಜನ ಬೇಡ ಎನ್ನುತ್ತಿದ್ದರು, ಆ ಇಬ್ಬರೂ ಯಾವಾಗಲೂ ಗಂಡಸರೇ. ವಾಂತಿ ಬಳಿದವಳು ನಾನು, ಭೇದಿ ಯಾವ ಹೊತ್ತಿಗೆ ಶುರುವಾಗುತ್ತದೆ ಎಂದು ಗೊತ್ತಿದ್ದವಳು ನಾನು, ಬಾಯಿ ಹುಣ್ಣಿಗೆ ಯಾವ ಸಾರು ಉರಿಯುತ್ತದೆ, ಯಾವುದು ಉರಿಯುವುದಿಲ್ಲ ಎಂದು ತಿಳಿದವಳು ನಾನು. ರೊಟ್ಟಿ ಗಂಟು, ನೀರಿನ ಬಾಟಲಿ ಹಿಡಿದು ಹೊರಗಿನ ಬೆಂಚಿನ ಮೇಲೆ ಕುಳಿತವಳೂ ನಾನೇ. ನಿನಗೆ ಏನು ತಿಳಿಯುತ್ತದೆ, ಅವರು ಇಂಗ್ಲಿಷಿನಲ್ಲಿ ಮಾತಾಡುತ್ತಾರೆ ಎನ್ನುತ್ತಿದ್ದರು. ಬೆರಳಿಗೆ ಜೋಮು ಬಂದಿದೆ ಎಂದು ಹೇಳಲು ಇಂಗ್ಲಿಷ್ ಯಾಕೆ ಬೇಕು? ಅದರ ಮೇಲೆ, ನೋಡಲು ಬಂದವರು ಹಾಸಿಗೆಯ ತಲೆದೆಸೆಯಲ್ಲಿಯೇ ನಿಂತು ಎಷ್ಟು ಸೊರಗಿದ್ದಾರೆ ನೋಡು ಎನ್ನುತ್ತಿದ್ದರು. ಅವರು ಮಲಗಿದ್ದಾಗಲೇ ಪಡಸಾಲೆಯಲ್ಲಿ ಮನೆಪಾಲಿನ ಮಾತು ತೆಗೆದವರೂ ಇದ್ದಾರೆ. ಅದು ಅವರ ಕಿವಿಗೆ ಬಿತ್ತು, ಆ ರಾತ್ರಿ ಊಟ ಮಾಡಲಿಲ್ಲ. ಆ ಮಾತನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ. ಇರಲಿ, ಅದು ಈ ಗುಂಪಿನಲ್ಲಿ ಬೇಡ.

ಅಯ್ಯೋ, ಫಾರ್ಮಿನ ವಿಷಯ ಹೇಳುವುದೇ ಉಳಿಯಿತು. ನೀನು ಹಾಕಿದ ಫೋಟೋವನ್ನು ನಮ್ಮ ಕವಿತಾಗೆ ತೋರಿಸಿದೆ, ನರ್ಸ್ ಆಗಿದ್ದಾಳಲ್ಲ, ಅವಳು ಪ್ರತಿಯೊಂದನ್ನೂ ಬಿಡಿಸಿ ಹೇಳಿದಳು. ಯುರೋಪಿನ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯವರು 1993ರಲ್ಲಿ ಪ್ರಕಟಿಸಿದ ಪ್ರಶ್ನಾವಳಿಯಂತೆ ಅದು, ಹಲವು ದೇಶಗಳಲ್ಲಿ ಬಳಸುತ್ತಾರೆ. ಜಠರದ ಕ್ಯಾನ್ಸರಿಗೆ ಅದರ ಜೊತೆಗೆ ಇನ್ನೊಂದು 22 ಪ್ರಶ್ನೆಗಳ ಹಾಳೆ ಇದೆ, ಕೊಟ್ಟರೆ ಅದನ್ನೂ ತುಂಬಿಸು. ಪಾಸು ಫೇಲು ಅದರಲ್ಲಿಲ್ಲ. ಬಹುತೇಕ ಪ್ರಶ್ನೆಗಳು ಕಳೆದ ಒಂದು ವಾರದ್ದು: ನೋವು, ವಾಂತಿ, ಹಸಿವು, ನಿದ್ದೆ, ಮಲಬದ್ಧತೆ, ಭೇದಿ, ಬಟ್ಟೆ ಹಾಕಿಕೊಳ್ಳಲು ಯಾರಾದರೂ ಬೇಕೇ, ಮನಸ್ಸು ಕುಗ್ಗಿದೆಯೇ, ಇಷ್ಟದ ಹವ್ಯಾಸಕ್ಕೆ ಅಡ್ಡಿಯಾಗಿದೆಯೇ, ಹಣದ ತೊಂದರೆ ಆಗಿದೆಯೇ. ಹಣದ ಪ್ರಶ್ನೆಗೆ ಬಸು ನಾಚಿಕೊಳ್ಳುತ್ತಾನೆ, ಅದನ್ನೂ ನಿಜವನ್ನೇ ಬರೆಯಲಿ.

ಒಂದು ಕಡೆ ಎಲ್ಲರೂ ಎಡವುತ್ತಾರಂತೆ, ಗಮನವಿಡು. ಮೊದಲ 28 ಪ್ರಶ್ನೆಗಳಲ್ಲಿ 1ರಿಂದ 4ರವರೆಗೆ ಅಂಕಿ, ಅಂಕಿ ಹೆಚ್ಚಾದಷ್ಟೂ ತೊಂದರೆ ಹೆಚ್ಚು. ಕೊನೆಯ ಎರಡರಲ್ಲಿ 1ರಿಂದ 7ರವರೆಗೆ, ಅಲ್ಲಿ ಹೆಚ್ಚಾದಷ್ಟೂ ಒಳ್ಳೆಯದು. ಬಸುವಿಗೆ ಕನ್ನಡಕವಿಲ್ಲದೆ ಸಣ್ಣಕ್ಷರ ಕಾಣುವುದಿಲ್ಲ, ನೀನು ಓದು, ಪ್ರಶ್ನೆಯನ್ನು ಬದಲಿಸದೆ ಇದ್ದಂತೆಯೇ ಓದು, ಅವನು ಹೇಳಿದ ಅಂಕಿಗೆ ಗುರುತು ಹಾಕು. ಆ ಹೊತ್ತಿಗೆ ಪ್ರಕಾಶ ಪಕ್ಕದಲ್ಲಿ ಇರದಿದ್ದರೆ ಒಳ್ಳೆಯದು, ಮಗನ ಮುಖ ನೋಡಿ ಅಪ್ಪ ನೋವನ್ನು ಕಡಿಮೆ ಹೇಳುತ್ತಾನೆ.

ಪ್ರಕಾಶನ ಹೆದರಿಕೆಗೆ ಕವಿತಾ ಒಂದು ಸಂಗತಿ ಹೇಳಿದಳು. ನ್ಯೂಯಾರ್ಕಿನ ಮೆಮೋರಿಯಲ್ ಸ್ಲೋನ್ ಕೆಟರಿಂಗ್ ಆಸ್ಪತ್ರೆಯಲ್ಲಿ 766 ರೋಗಿಗಳನ್ನು ಎರಡು ಗುಂಪು ಮಾಡಿ ನೋಡಿದರು. ಒಂದು ಗುಂಪಿನವರು ತಮ್ಮ ತೊಂದರೆಗಳನ್ನು ತಾವೇ ಕಂಪ್ಯೂಟರಿನಲ್ಲಿ ಗುರುತು ಹಾಕುತ್ತಿದ್ದರು, ಹೆಚ್ಚಾದರೆ ನರ್ಸಿಗೆ ಸುದ್ದಿ ಹೋಗುತ್ತಿತ್ತು. 2017ರಲ್ಲಿ ಫಲಿತಾಂಶ ಬಂತು: ಹಾಗೆ ಹೇಳಿಕೊಂಡವರಲ್ಲಿ ಅರ್ಧದಷ್ಟು ಜನ 31.2 ತಿಂಗಳಿಗಿಂತ ಹೆಚ್ಚು ಬದುಕಿದರು, ಇನ್ನೊಂದು ಗುಂಪಿನಲ್ಲಿ ಅರ್ಧದಷ್ಟು ಜನ 26 ತಿಂಗಳಿಗಿಂತ ಹೆಚ್ಚು. ಅವರದ್ದು ಜಠರದ ಕ್ಯಾನ್ಸರಲ್ಲ, ಬೇರೆ ಅಂಗಗಳ ಹರಡಿದ ಕ್ಯಾನ್ಸರು. ಆದರೂ ತೊಂದರೆ ಹೇಳಿಕೊಂಡರೆ ಚಿಕಿತ್ಸೆ ಕೆಡುತ್ತದೆ ಎನ್ನುವ ಮಾತಿಗೆ ಇಷ್ಟು ಸಾಕಲ್ಲವೇ?

ಇನ್ನು ಬೆವರು, ಎದೆಬಡಿತ. ಬಸುವಿನ ಜಠರವನ್ನೇ ತೆಗೆದಿರುವುದರಿಂದ ಉಂಡದ್ದು ನೇರವಾಗಿ ಸಣ್ಣ ಕರುಳಿಗೆ ನುಗ್ಗುತ್ತದೆ, ಡಂಪಿಂಗ್ ಎನ್ನುತ್ತಾರೆ. ಸಿಹಿ ತಿಂದರೆ ಜೋರು. ಬಸುವಿಗೆ ಇಷ್ಟವೆಂದು ಗೋಧಿ ಹುಗ್ಗಿ, ಮಾದಲಿ ಮಾಡಿ ಹಾಕುತ್ತಿದ್ದರೆ ಸದ್ಯಕ್ಕೆ ನಿಲ್ಲಿಸು. ದಿನಕ್ಕೆ ಐದಾರು ಸಲ ಸ್ವಲ್ಪ ಸ್ವಲ್ಪ ಕೊಡು, ನೀರು, ಮಜ್ಜಿಗೆಯನ್ನು ಊಟದ ಜೊತೆ ಕೊಡದೆ ಅರ್ಧ ಗಂಟೆ ಬಿಟ್ಟು ಕೊಡು, ನಿಧಾನವಾಗಿ ಅಗಿದು ತಿನ್ನಲಿ. ಹೆಸರುಬೇಳೆ, ಗಟ್ಟಿ ಮೊಸರು, ಮೆತ್ತಗಿನ ಅನ್ನ ನಡೆಯುತ್ತದೆ. ಸುಸ್ತಾದಾಗ ಸ್ವಲ್ಪ ಹೊತ್ತು ಒರಗಿಕೊಂಡರೆ ಇಳಿಯುತ್ತದೆ. ಹೀಗೆಲ್ಲ ಮಾಡಿದರೂ ಇಳಿಯದಿದ್ದರೆ ಬುಧವಾರ ಡಾಕ್ಟರಿಗೂ, ಅಲ್ಲಿಯ ಆಹಾರ ತಜ್ಞರಿಗೂ ಹೇಳಬೇಕು.

ಬೆರಳಿನ ಜೋಮಿನ ಪ್ರಶ್ನೆ ಆ ಮೂವತ್ತರಲ್ಲಿ ಇಲ್ಲವಂತೆ. ಅದನ್ನು ನೀನು ಬಾಯಿಬಿಟ್ಟು ಕೇಳಬೇಕು: ಅಂಗಿಯ ಗುಂಡಿ ಹಾಕಿಕೊಳ್ಳಲು ಆಗುತ್ತದೆಯೇ, ಕಾಲಿನಿಂದ ಚಪ್ಪಲಿ ಜಾರಿದರೆ ಗೊತ್ತಾಗುತ್ತದೆಯೇ ಎಂದು ಕೇಳು. ಹೌದೋ ಅಲ್ಲವೋ, ಫಾರ್ಮಿನ ಹಿಂಬದಿಯಲ್ಲಿ ಬರೆ. ಜಠರ ತೆಗೆದವರಿಗೆ ಬಿ12 ವಿಟಮಿನ್ ಊಟದಿಂದ ಸರಿಯಾಗಿ ಮೈಗೆ ಹತ್ತುವುದಿಲ್ಲ, ಸಾಮಾನ್ಯವಾಗಿ ಅದರ ಇಂಜೆಕ್ಷನ್ ಜೀವನಪೂರ್ತಿ ಬೇಕಾಗುತ್ತದೆ. ಅದು ಕಡಿಮೆಯಾದರೂ ಕೈಕಾಲು ಜೋಮು ಹಿಡಿಯುತ್ತವೆ. ಇಂಜೆಕ್ಷನ್ ಯಾವಾಗ ಎಂದು ಕೇಳಿ ದಿನಾಂಕ ಬರೆಸಿಕೊಂಡು ಬಾ.

ಬುಧವಾರ ಡಾಕ್ಟರ ಕೋಣೆಗೆ ಬಸುವಿನ ಜೊತೆ ನೀನೇ ಹೋಗು, ನಿರ್ಮಲಾ. ಪ್ರಕಾಶ ಬಿಲ್ಲಿನ ಸಾಲಿನಲ್ಲಿ ನಿಲ್ಲಲಿ. ಮಕ್ಕಳನ್ನು ಶಾಲೆಯಿಂದ ಕರೆತರಲು ಯಾರೂ ಇಲ್ಲವೆಂದರೆ ನಾನು ಮಂಗಳವಾರ ಸಂಜೆಯ ಬಸ್ಸಿಗೇ ಹುಬ್ಬಳ್ಳಿಗೆ ಬರುತ್ತೇನೆ, ಇವತ್ತೇ ಹೇಳು.